ಊರಿಗೊಂದೇ ಹೈಸ್ಕೂಲು

1971ರ ಡಿಸೆಂಬರಿನಲ್ಲಿ ರೊನೋಕ್ ನಗರದ ವಿಕ್ಟರಿ ಸ್ಟೇಡಿಯಂನಲ್ಲಿ ಅಮೆರಿಕದ ವರ್ಜೀನಿಯಾ ರಾಜ್ಯದ ಹೈಸ್ಕೂಲುಗಳ ಅಮೆರಿಕನ್ ಫುಟ್‌ಬಾಲ್ ಫೈನಲ್ ನಡೆಯಿತು. ಅಲೆಕ್ಸಾಂಡ್ರಿಯಾದ ಟಿ.ಸಿ. ವಿಲಿಯಮ್ಸ್ ಶಾಲೆಯ ಟೈಟನ್ಸ್ ತಂಡ ಆಂಡ್ರ್ಯೂ ಲೂಯಿಸ್ ಶಾಲೆಯನ್ನು 27-0ರಿಂದ ಸೋಲಿಸಿತು. ಪಂದ್ಯ ಪೂರ್ತಿ ಏಕಪಕ್ಷೀಯ. ಇಪ್ಪತ್ತೊಂಬತ್ತು ವರ್ಷಗಳ ನಂತರ ಡಿಸ್ನಿ ಕಂಪನಿ ಇದೇ ಕತೆಯನ್ನು 'ರಿಮೆಂಬರ್ ದ ಟೈಟನ್ಸ್' ಎಂದು ತೆರೆಗೆ ತಂದಾಗ ಫೈನಲ್ ಕೊನೇ ಗಳಿಗೆಯವರೆಗೂ ಉಸಿರು ಬಿಗಿಹಿಡಿದು ನೋಡುವಂತಾಗಿತ್ತು. ಎದುರಾಳಿಯೂ ಬೇರೆ. ಆ ವರ್ಷ ಟೈಟನ್ಸ್ ಹುಡುಗರಿಗೆ ನಿಜವಾಗಿ ಬೆವರಿಳಿಸಿದ್ದು ಮಾರ್ಷಲ್ ಶಾಲೆಯ ತಂಡ. ಆ ಪಂದ್ಯ ನಡೆದದ್ದು ಋತುವಿನ ನಡುವೆ. ಸಿನಿಮಾದವರು ಅದನ್ನೇ ಎತ್ತಿ ಕೊನೆಗಿಟ್ಟರು.

ಇಂಥ ಸ್ವಾತಂತ್ರ್ಯವನ್ನು ಸಿನಿಮಾಕ್ಕೆ ಕೊಡಬಹುದು. ತಕರಾರು ಇರುವುದು ಬೇರೆ ಕಡೆ. ಕಪ್ಪು ಮತ್ತು ಬಿಳಿ ಹುಡುಗರನ್ನು ಒಂದುಗೂಡಿಸಿದ್ದು ಫುಟ್‌ಬಾಲ್ ಎಂಬ ನಂಬಿಕೆಯನ್ನು ಡೆಂಜೆಲ್ ವಾಷಿಂಗ್ಟನ್ ಅಭಿನಯಿಸಿದ ಆ ಚಿತ್ರ ಜಗತ್ತಿಗೆಲ್ಲ ಹಂಚಿತು. ಇಂದಿಗೂ ಕಂಪನಿಗಳ ತರಬೇತಿ ಶಿಬಿರಗಳಲ್ಲಿ ಅದನ್ನು ತೋರಿಸಿ ಒಗ್ಗಟ್ಟಿನ ಪಾಠ ಹೇಳುತ್ತಾರೆ. ಆದರೆ ಅಲೆಕ್ಸಾಂಡ್ರಿಯಾದ ಮಕ್ಕಳನ್ನು ಒಂದೇ ಸೂರಿನಡಿ ತಂದದ್ದು ಚೆಂಡಲ್ಲ. ಊರಿನ ಶಾಲಾ ಮಂಡಳಿಯ ಒಂದು ಒಣ ಆಡಳಿತಾತ್ಮಕ ಆದೇಶ.

ಪೊಟೊಮ್ಯಾಕ್ ನದಿಯ ವರ್ಜೀನಿಯಾ ಕಡೆಯ ದಡದಲ್ಲಿ, ರಾಜಧಾನಿ ವಾಷಿಂಗ್ಟನ್ನಿಗೆ ಅಂಟಿಕೊಂಡಿರುವ ಉಪನಗರ ಅಲೆಕ್ಸಾಂಡ್ರಿಯಾ. ಅಲ್ಲಿ ಬಿಳಿಯ ಮಕ್ಕಳಿಗೆ ಜಾರ್ಜ್ ವಾಷಿಂಗ್ಟನ್ ಹೈಸ್ಕೂಲಿತ್ತು. 'ಡೋರ್ಸ್' ತಂಡದ ಗಾಯಕ ಜಿಮ್ ಮಾರಿಸನ್ 1961ರಲ್ಲಿ ಓದು ಮುಗಿಸಿದ್ದು ಅಲ್ಲೇ. ಕೊರಿಯಾ ಯುದ್ಧದಲ್ಲಿ ಮಡಿದ ಊರಿನ ಯೋಧನ ಹೆಸರಿನ ಫ್ರಾನ್ಸಿಸ್ ಹ್ಯಾಮಂಡ್ ಶಾಲೆ ಆಮೇಲೆ ಬಂತು. ಕಪ್ಪು ಮಕ್ಕಳಿಗೆ ಇದ್ದದ್ದು 1920ರಲ್ಲಿ ಶುರುವಾದ ಪಾರ್ಕರ್-ಗ್ರೇ. ಅಮೆರಿಕದ ವೃತ್ತಿಪರ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯಲ್ಲಿ ಆಡಿದ ಮೊದಲ ಕಪ್ಪು ಆಟಗಾರ ಅರ್ಲ್ ಲಾಯ್ಡ್ ಆ ಶಾಲೆಯ ಹುಡುಗ. ಅವರು 1950ರಲ್ಲಿ ಆ ಅಂಕಣಕ್ಕೆ ಇಳಿದಾಗ ಅವರ ಸ್ವಂತ ಊರಿನಲ್ಲಿ ಕಪ್ಪು ಮಗುವೊಂದು ಬಿಳಿಯರ ಶಾಲೆಯ ಬಾಗಿಲು ದಾಟುವಂತಿರಲಿಲ್ಲ.

1954ರಲ್ಲಿ ಸುಪ್ರೀಂ ಕೋರ್ಟ್ ಶಾಲೆಗಳಲ್ಲಿನ ವರ್ಣಭೇದ ಸಂವಿಧಾನ ವಿರೋಧಿ ಎಂದು ತೀರ್ಪಿತ್ತಿತು. ವರ್ಜೀನಿಯಾದ ರಾಜಕಾರಣಿಗಳು ಅದಕ್ಕೆ 'ಭಾರಿ ಪ್ರತಿರೋಧ' ಎಂದು ಹೆಸರಿಟ್ಟೇ ಅಡ್ಡಗಾಲು ಹಾಕಿದರು. ಪ್ರಿನ್ಸ್ ಎಡ್ವರ್ಡ್ ಕೌಂಟಿಯವರಂತೂ ಕಪ್ಪು ಮಕ್ಕಳನ್ನು ಸೇರಿಸಿಕೊಳ್ಳುವ ಬದಲು 1959ರಿಂದ ಐದು ವರ್ಷ ಸರ್ಕಾರಿ ಶಾಲೆಗಳನ್ನೇ ಮುಚ್ಚಿಬಿಟ್ಟರು. ಅಲೆಕ್ಸಾಂಡ್ರಿಯಾದ ಶಾಲೆಗಳ ಮುಖ್ಯಾಧಿಕಾರಿ ಆಗ ಥಾಮಸ್ ಚೇಂಬ್ಲಿಸ್ ವಿಲಿಯಮ್ಸ್. 1930ರ ದಶಕದಿಂದ 1963ರವರೆಗೆ ಆ ಕುರ್ಚಿಯಲ್ಲಿ ಕೂತ ಮನುಷ್ಯ, ವರ್ಣಭೇದದ ಕಟ್ಟಾ ಸಮರ್ಥಕ. 1958ರಲ್ಲಿ ಶಾಲೆಯೊಂದರ ಅಡುಗೆ ಕೆಲಸದ ಕಪ್ಪು ಹೆಂಗಸೊಬ್ಬಳು ತನ್ನ ಮಕ್ಕಳಿಗೆ ಬಿಳಿಯರ ಶಾಲೆಯಲ್ಲಿ ಪ್ರವೇಶ ಬೇಕೆಂದು ಹೂಡಿದ್ದ ದಾವೆಗೆ ಸಹಿ ಹಾಕಿದಳು. ವಿಲಿಯಮ್ಸ್ ಆಕೆಯನ್ನು ಕೆಲಸದಿಂದ ತೆಗೆದರು. ಮರುವರ್ಷ ಫೆಬ್ರವರಿ 10ರಂದು ಕೋರ್ಟಿನ ಆದೇಶದ ಬಲದಿಂದ ಒಂಬತ್ತು ಕಪ್ಪು ಮಕ್ಕಳು ಊರಿನ ಬಿಳಿಯರ ಶಾಲೆಗಳಿಗೆ ಕಾಲಿಟ್ಟರು.

1965ರಲ್ಲಿ ಊರಿನ ಹೊಸ ಹೈಸ್ಕೂಲು ತೆರೆದಾಗ ಅದಕ್ಕೆ ಇಟ್ಟದ್ದು ಈ ವಿಲಿಯಮ್ಸ್ ಅವರ ಹೆಸರನ್ನೇ. ಇನ್ನೂ ವಿಚಿತ್ರವೆಂದರೆ ಆ ಶಾಲೆಯಲ್ಲಿ ಮೊದಲ ದಿನದಿಂದಲೇ ಕಪ್ಪು, ಬಿಳಿ ಮಕ್ಕಳು ಒಟ್ಟಿಗೆ ಕೂತರು. ಪಾರ್ಕರ್-ಗ್ರೇ ಹೈಸ್ಕೂಲನ್ನು ಅದೇ ವರ್ಷ ಮುಚ್ಚಲಾಯಿತು. 1971ರಲ್ಲಿ ಎರಡೂ ಬಣ್ಣದ ಹುಡುಗರು ಮೊದಲ ಸಲ ಮುಖಾಮುಖಿಯಾದರು ಎಂಬಂತೆ ತೋರಿಸುವ ಸಿನಿಮಾ ಈ ಆರು ವರ್ಷಗಳನ್ನು ನುಂಗಿಹಾಕಿದೆ.

ಹಾಗಾದರೆ 1971ರಲ್ಲಿ ಆದದ್ದೇನು? ಅದಕ್ಕೂ ಒಂದು ವರ್ಷ ಮುಂಚೆ ಅಂಗಡಿಯೊಂದರ ಬಿಳಿಯ ನೌಕರ ಕಪ್ಪು ಹುಡುಗನೊಬ್ಬನನ್ನು ಗುಂಡಿಕ್ಕಿ ಕೊಂದು, ಊರಿನಲ್ಲಿ ದಿನಗಟ್ಟಲೆ ಗಲಭೆ ನಡೆದಿತ್ತು. ಮೂರು ಹೈಸ್ಕೂಲುಗಳಿದ್ದರೂ ಯಾವ ಬಡಾವಣೆಯಲ್ಲಿ ಯಾರಿದ್ದಾರೆ ಎನ್ನುವುದರ ಮೇಲೆ ಶಾಲೆಯ ಬಣ್ಣ ನಿಂತಿತ್ತು. ಜಾರ್ಜ್ ವಾಷಿಂಗ್ಟನ್ನಿನಲ್ಲಿ ಕಪ್ಪು ಮಕ್ಕಳು ಹೆಚ್ಚು, ಹ್ಯಾಮಂಡಿನಲ್ಲಿ ಬಿಳಿಯರೇ ಎಲ್ಲ ಎನ್ನುವಂತಿತ್ತು. ಶಾಲಾ ಮಂಡಳಿ ಕೊನೆಗೆ ಕಂಡುಕೊಂಡ ದಾರಿ ಸರಳ: ಒಂಬತ್ತು, ಹತ್ತನೇ ತರಗತಿಯವರು ಆ ಎರಡು ಶಾಲೆಗಳಿಗೆ, ಊರಿನ ಹನ್ನೊಂದು, ಹನ್ನೆರಡನೇ ತರಗತಿಯ ಮಕ್ಕಳೆಲ್ಲ, ಮನೆ ಎಲ್ಲೇ ಇರಲಿ, ಟಿ.ಸಿ. ವಿಲಿಯಮ್ಸ್‌ಗೆ.

ಫುಟ್‌ಬಾಲ್ ಪ್ರಿಯರು ಇಲ್ಲಿ ಕಿವಿ ನಿಮಿರಿಸಬೇಕು. ಮೂರು ಶಾಲೆಗಳ ಹಿರಿಯ ಆಟಗಾರರೆಲ್ಲ ಒಂದೇ ತಂಡಕ್ಕೆ ಬಂದರು. ಹ್ಯಾಮಂಡಿನಿಂದ ಗೆರಿ ಬರ್ಟಿಯರ್, ಜಾರ್ಜ್ ವಾಷಿಂಗ್ಟನ್ನಿನಿಂದ ಜೂಲಿಯಸ್ ಕ್ಯಾಂಪ್‌ಬೆಲ್. ಇತರ ಊರುಗಳ ತಂಡಗಳು ಒಂದೊಂದು ಶಾಲೆಯಿಂದ ಆರಿಸಿ ತಂದ ಹುಡುಗರ ಎದುರು ಮೂರು ಶಾಲೆಗಳ ಸಾರವೇ ಮೈದಾನಕ್ಕಿಳಿಯಿತು. ಆ ಋತುವಿನ ಹದಿಮೂರು ಪಂದ್ಯಗಳಲ್ಲಿ ಹದಿಮೂರನ್ನೂ ಗೆದ್ದದ್ದರಲ್ಲಿ ಭಾವೈಕ್ಯದ ಪಾಲೆಷ್ಟು, ಈ ಸಂಖ್ಯಾಬಲದ ಪಾಲೆಷ್ಟು ಎಂದು ಕೇಳುವುದು ಸಿನಿಕತನವೇನಲ್ಲ.

ಕೋಚ್ ನೇಮಕವೂ ಒಂದು ಲೆಕ್ಕಾಚಾರವೇ. ಹ್ಯಾಮಂಡಿನಲ್ಲಿ ಹೆಸರು ಮಾಡಿದ್ದ ಬಿಳಿಯ ಕೋಚ್ ಬಿಲ್ ಯೋಸ್ಟ್ ಅವರನ್ನು ಬದಿಗಿಟ್ಟು ನಾರ್ತ್ ಕ್ಯಾರೊಲೈನಾದಿಂದ ಬಂದಿದ್ದ ಕಪ್ಪು ಕೋಚ್ ಹರ್ಮನ್ ಬೂನ್ ಅವರಿಗೆ ತಂಡ ಒಪ್ಪಿಸಿದರು. ಯೋಸ್ಟ್, ಬೂನ್ ಅವರ ಕೈಕೆಳಗೆ ದುಡಿಯಲು ಒಪ್ಪಿದರು. ಆ ಬೇಸಿಗೆಯಲ್ಲಿ ಇಡೀ ತಂಡವನ್ನು ಬಸ್ಸು ಹತ್ತಿಸಿ ಗೆಟ್ಟಿಸ್‌ಬರ್ಗ್ ಕಾಲೇಜಿಗೆ ಶಿಬಿರಕ್ಕೆ ಕರೆದೊಯ್ದದ್ದು ನಿಜ, ಅಲ್ಲಿ ಬೇರೆ ಬೇರೆ ಬಣ್ಣದ ಹುಡುಗರು ಒಂದೇ ಕೋಣೆಯಲ್ಲಿ ಮಲಗಿ ಎದ್ದದ್ದೂ ನಿಜ. ಅಲ್ಲಿ ಹುಟ್ಟಿದ ಗೆಳೆತನಗಳು ಸುಳ್ಳಲ್ಲ. ಋತು ಮುಗಿದ ಮೇಲೆ, ಸಿನಿಮಾದಲ್ಲಿ ತೋರಿಸುವಂತೆ ಫೈನಲ್‌ಗೆ ಮೊದಲಲ್ಲ, ಕಾರು ಅಪಘಾತದಲ್ಲಿ ಸೊಂಟದ ಕೆಳಗೆ ಸ್ವಾಧೀನ ಕಳೆದುಕೊಂಡ ಬರ್ಟಿಯರ್ ಮುಂದೆ ಗಾಲಿಕುರ್ಚಿಯಲ್ಲೇ ಕ್ರೀಡಾಪಟುವಾದರು. 1981ರಲ್ಲಿ ಇನ್ನೊಂದು ಅಪಘಾತ ಅವರನ್ನು ಬಲಿ ತೆಗೆದುಕೊಂಡಿತು. ಬೂನ್ ಅವರ ಕತೆಯ ಮುಂದಿನ ಭಾಗ ಅಷ್ಟು ಸೊಗಸಲ್ಲ. ಆಟಗಾರರನ್ನು ನಡೆಸಿಕೊಂಡ ರೀತಿಯ ಬಗ್ಗೆ ದೂರುಗಳೆದ್ದು 1979ರಲ್ಲಿ ಕೋಚ್ ಹುದ್ದೆ ಕಳೆದುಕೊಂಡರು. ಕ್ಯಾಂಪ್‌ಬೆಲ್, ಯೋಸ್ಟ್, ಬೂನ್ ಮೂವರೂ ತೀರಿಕೊಂಡದ್ದು 2019ನೇ ಇಸವಿಯಲ್ಲೇ.

ಶಾಲೆ ನಿಂತಿರುವ ನೆಲದ ಕತೆ ಹೇಳದಿದ್ದರೆ ಮಾತು ಅರ್ಧವೇ. ಕಿಂಗ್ ಸ್ಟ್ರೀಟ್ ಬದಿಯ ಆ ಜಾಗದಲ್ಲಿ ತಲೆಮಾರುಗಳಿಂದ ಕಪ್ಪು ಕುಟುಂಬಗಳು ಮನೆ ಕಟ್ಟಿಕೊಂಡಿದ್ದವು. ಹೈಸ್ಕೂಲಿಗಾಗಿ ಊರಾಡಳಿತ ಅವರನ್ನು ಎಬ್ಬಿಸಿತು. ಕೆಲವರಿಗೆ ಶಾಲೆಯ ಬೆನ್ನಿಗೇ ಹೊಸ ಮನೆಗಳು ಸಿಕ್ಕವು. ಮೈದಾನಕ್ಕೆ ದೀಪದ ಕಂಬಗಳನ್ನು ನೆಡುವುದಿಲ್ಲ ಎಂದು ತಮಗೆ ಆಗಲೇ ಮಾತು ಕೊಟ್ಟಿದ್ದರು ಎಂಬುದು ಆ ಮನೆಗಳವರ ವಾದ. ಅಮೆರಿಕದಲ್ಲಿ ಹೈಸ್ಕೂಲ್ ಫುಟ್‌ಬಾಲ್ ಎಂದರೆ ಶುಕ್ರವಾರದ ರಾತ್ರಿ; ಊರೇ ಮೈದಾನಕ್ಕೆ ಇಳಿಯುವ ಹೊತ್ತು. ದೇಶಕ್ಕೆಲ್ಲ ಗೊತ್ತಿರುವ ಈ ತಂಡ ಮಾತ್ರ ಅರ್ಧ ಶತಮಾನ ತನ್ನ ಅಂಗಳದಲ್ಲಿ ಹಗಲಿನಲ್ಲೇ ಆಡಬೇಕಾಯಿತು. 2018ರಲ್ಲಿ ನಗರಸಭೆ ದೀಪಗಳಿಗೆ ಒಪ್ಪಿಗೆ ಕೊಟ್ಟಾಗ ನೆರೆಯವರು ಕೋರ್ಟಿಗೆ ಹೋದರು. ತಂಡದ ಕಡೆಯವರಿಗೆ ಇದು ಹುಡುಗರ ಸಣ್ಣ ಸಂತೋಷಕ್ಕೆ ಕಲ್ಲು ಹಾಕುವ ಹಟ. ಎತ್ತಂಗಡಿಯಾದವರ ಮಕ್ಕಳಿಗೆ ಮೊದಲು ನೆಲ ಹೋಯಿತು, ಈಗ ಕೊಟ್ಟ ಮಾತೂ ಹೋಯಿತು. ದೀಪಗಳು ಕೊನೆಗೂ ಬಂದವು. ಆ ಮೈದಾನಕ್ಕೆ ಪಾರ್ಕರ್-ಗ್ರೇ ಸ್ಮಾರಕ ಕ್ರೀಡಾಂಗಣ ಎಂಬ ಹೆಸರಿದೆ ಎಂಬುದನ್ನೂ ಸೇರಿಸಿಕೊಂಡರೆ, ಯಾರ ನೆನಪಿಗೆ ಯಾರು ಬೆಲೆ ತೆತ್ತರು ಎನ್ನುವುದು ಜಟಿಲವಾಗುತ್ತದೆ. ಈ ಜಗಳವನ್ನೇ ಯಾರಾದರೂ ಚಿತ್ರ ಮಾಡಬೇಕಿತ್ತು. ಟಿಕೆಟ್ ಓಡುತ್ತಿರಲಿಲ್ಲ, ಅಷ್ಟೇ.

ಇನ್ನು, ಮನೆ ಎಲ್ಲಿದೆ ಎನ್ನುವುದರ ಮೇಲೆ ಶಾಲೆ ನಿರ್ಧಾರವಾಗುವ ಗಡಿಯ ಮಾತಿಗೆ ಬರೋಣ. ಅಮೆರಿಕದ ಸರ್ಕಾರಿ ಶಾಲೆಗಳ ಖರ್ಚಿನ ಹೆಚ್ಚುಕಡಿಮೆ ಅರ್ಧ ಸ್ಥಳೀಯ ತೆರಿಗೆಯಿಂದ, ಅದರಲ್ಲೂ ಮನೆ-ಜಮೀನಿನ ತೆರಿಗೆಯಿಂದ ಬರುತ್ತದೆ. ಬೆಲೆಬಾಳುವ ಮನೆಗಳಿರುವ ಉಪನಗರಕ್ಕೆ ಒಳ್ಳೆಯ ಶಾಲೆ. ಒಳ್ಳೆಯ ಶಾಲೆ ಇದೆಯೆಂದು ಮನೆಗೆ ಇನ್ನಷ್ಟು ಬೆಲೆ. 1974ರ ಡೆಟ್ರಾಯಿಟ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್, ನಗರದ ಶಾಲೆಗಳ ವರ್ಣಭೇದ ಸರಿಪಡಿಸಲು ಸುತ್ತಲಿನ ಉಪನಗರಗಳನ್ನು ಎಳೆದು ತರುವಂತಿಲ್ಲ ಎಂದು 5-4ರ ಬಹುಮತದಿಂದ ಹೇಳಿತು. ಅಲ್ಲಿಂದಾಚೆಗೆ ಬಿಳಿಯ ಕುಟುಂಬಗಳಿಗೆ ಶಾಲೆ ಬದಲಿಸಲು ಪಟ್ಟಣದ ಗಡಿ ದಾಟಿದರೆ ಸಾಕಾಯಿತು. ಅಲೆಕ್ಸಾಂಡ್ರಿಯಾದ ಶಾಲೆಗಳಿಂದಲೂ ಬಿಳಿಯ ಮಕ್ಕಳು 1970ರ ದಶಕದಲ್ಲಿ ದೊಡ್ಡ ಸಂಖ್ಯೆಯಲ್ಲಿ ಹೊರಟುಹೋದರು. ಚಾಂಪಿಯನ್ ತಂಡದ ಮೆರವಣಿಗೆ ಅವರನ್ನು ನಿಲ್ಲಿಸಲಿಲ್ಲ.

ವಾಷಿಂಗ್ಟನ್ ಸುತ್ತಮುತ್ತಲಿನ ಕನ್ನಡ ಕುಟುಂಬಗಳಿಗೆ ಈ ಗಡಿಯ ಲೆಕ್ಕ ಚೆನ್ನಾಗಿ ಗೊತ್ತು. ಫೇರ್‌ಫ್ಯಾಕ್ಸ್, ಲೌಡನ್ ಕೌಂಟಿಗಳಲ್ಲಿ ಮನೆ ಕೊಳ್ಳುವ ಮುನ್ನ ಅಡುಗೆಮನೆ ನೋಡುವುದಕ್ಕೂ ಮೊದಲು ಯಾವ ಶಾಲೆಯ ವ್ಯಾಪ್ತಿ ಎಂದು ನೋಡುವವರೇ ಹೆಚ್ಚು. ಮಗ ಅಥವಾ ಮಗಳು ಥಾಮಸ್ ಜೆಫರ್ಸನ್ ವಿಜ್ಞಾನ ಹೈಸ್ಕೂಲಿನ ಪ್ರವೇಶ ಗಿಟ್ಟಿಸಿದರೆ ಕಾವೇರಿ ಕನ್ನಡ ಸಂಘದ ಸಮಾರಂಭದಲ್ಲಿ ಅದೊಂದು ಸುದ್ದಿ. ಆ ಶಾಲೆಯಿಂದ ಟೈಟನ್ಸ್ ಶಾಲೆಗೆ ಕೆಲವೇ ಮೈಲಿ ದೂರ. ತಂದೆ ತಾಯಿಯರನ್ನು ದೂರಿ ಫಲವಿಲ್ಲ, ವ್ಯವಸ್ಥೆಯೇ ಹಾಗೆ ಆಯ್ಕೆ ಮಾಡಿ ಎನ್ನುತ್ತದೆ. ಆದರೆ ಆ ಆಯ್ಕೆಯೂ ಒಂದು ಗಡಿ ಗೀಟು ಎಂಬುದನ್ನು ಒಪ್ಪಿಕೊಳ್ಳಬೇಕು.

ಊರಿಗೊಂದೇ ಹೈಸ್ಕೂಲು ಎಂಬ ನೀತಿ ತಾನಾಗಿಯೇ ಪುಣ್ಯದ್ದೇನೂ ಅಲ್ಲ. ಡಲ್ಲಾಸ್ ಬಳಿಯ ಅಲೆನ್ ಎಂಬ ಉಪನಗರ ಲಕ್ಷ ಜನಸಂಖ್ಯೆ ದಾಟಿದರೂ ಒಂದೇ ಹೈಸ್ಕೂಲು ಇಟ್ಟುಕೊಂಡಿದೆ. ಅಲ್ಲಿನ ಮತದಾರರು 2009ರಲ್ಲಿ ಸಾಲಪತ್ರಕ್ಕೆ ಒಪ್ಪಿ, ಆರು ಕೋಟಿ ಡಾಲರ್ ವೆಚ್ಚದಲ್ಲಿ 18,000 ಆಸನಗಳ ಕ್ರೀಡಾಂಗಣ ಕಟ್ಟಿಸಿದರು. 2012ರಲ್ಲಿ ಉದ್ಘಾಟನೆ, 2014ರಲ್ಲಿ ಕಾಂಕ್ರೀಟ್ ಬಿರುಕುಬಿಟ್ಟು ಬೀಗ. ಮುಂದೆ ಹೆಸರಾಂತ ಆಟಗಾರನಾದ ಕೈಲರ್ ಮರ್ರೆ ಆಡುತ್ತಿದ್ದ ಅಲೆನ್ ತಂಡ ಬೀಗದ ಆ ವರ್ಷವೂ ರಾಜ್ಯ ಪ್ರಶಸ್ತಿ ಗೆದ್ದಿತು, ಸತತ ಮೂರನೇ ಸಲ. ಅಲ್ಲಿ ಒಂದೇ ಶಾಲೆ ಎಂದರೆ ಒಂದೇ ಬಲಿಷ್ಠ ತಂಡ. ಅಲೆಕ್ಸಾಂಡ್ರಿಯಾದಲ್ಲಿ ಒಂದೇ ಶಾಲೆ ಎಂದರೆ ಯಾರನ್ನೂ ಹೊರಗಿಡದಿರುವುದು.

ಈ ಎರಡನೆಯದಕ್ಕೇ ಮತ ಹಾಕಬೇಕು. ಅದರ ಫಲ ಫುಟ್‌ಬಾಲಿನಲ್ಲೇ ಕಾಣಬೇಕೆಂದೂ ಇಲ್ಲ. ಪೊಟೊಮ್ಯಾಕ್ ದಡದಲ್ಲಿ ಶಾಲೆಗೆ ಸ್ವಂತ ದೋಣಿಮನೆಯಿದೆ. ಸಾಮಾನ್ಯವಾಗಿ ದುಬಾರಿ ಖಾಸಗಿ ಶಾಲೆಗಳ ಸೊತ್ತಾದ ರೋಯಿಂಗ್ ಇಲ್ಲಿ ಸರ್ಕಾರಿ ಶಾಲೆಯ ಮಕ್ಕಳಿಗೆ ಸಿಗುತ್ತದೆ. ಒಳಾಂಗಣದ ವ್ಯಾಯಾಮಶಾಲೆಗೆ ಬರ್ಟಿಯರ್ ಹೆಸರು, ಬಾಸ್ಕೆಟ್‌ಬಾಲ್ ಅಂಕಣಕ್ಕೆ ಅರ್ಲ್ ಲಾಯ್ಡ್ ಹೆಸರು. 2016ರಲ್ಲಿ ಇಲ್ಲಿ ಓದು ಮುಗಿಸಿದ ನೋವಾ ಲೈಲ್ಸ್ ಎಂಬ ಹುಡುಗ ಅದೇ ಬೇಸಿಗೆ ಒಲಿಂಪಿಕ್ ಆಯ್ಕೆ ಸ್ಪರ್ಧೆಯ 200 ಮೀಟರಿನಲ್ಲಿ ನಾಲ್ಕನೆಯವನಾಗಿ ಅವಕಾಶ ಕಳೆದುಕೊಂಡ. ಎಂಟು ವರ್ಷಗಳ ಬಳಿಕ ಪ್ಯಾರಿಸ್‌ನಲ್ಲಿ 100 ಮೀಟರ್ ಓಟವನ್ನು ಸೆಕೆಂಡಿನ ಸಾವಿರದಲ್ಲಿ ಐದು ಭಾಗದ ಅಂತರದಲ್ಲಿ ಗೆದ್ದ. ಅವನ ಬಗ್ಗೆ ಬರೆಯುವವರು ಶಾಲೆಯ ಹೆಸರು ಹೇಳುವಾಗ ತುಸು ಗೊಂದಲ. ಲೈಲ್ಸ್ ಓದಿದಾಗ ಅದು ಟಿ.ಸಿ. ವಿಲಿಯಮ್ಸ್. ಕಪ್ಪು ವ್ಯಕ್ತಿ ಜಾರ್ಜ್ ಫ್ಲಾಯ್ಡ್ ಪೊಲೀಸರ ಕೈಯಲ್ಲಿ ಹತರಾದ ವರ್ಷ, 2020ರ ನವೆಂಬರಿನಲ್ಲಿ, ಆ ಹೆಸರು ತೆಗೆಯಲು ಶಾಲಾ ಮಂಡಳಿ ನಿರ್ಧರಿಸಿತು. 2021ರ ಜುಲೈ 1ರಿಂದ ಅದು ಅಲೆಕ್ಸಾಂಡ್ರಿಯಾ ಸಿಟಿ ಹೈಸ್ಕೂಲ್. ಟೈಟನ್ಸ್ ಎಂಬ ಹೆಸರು ಮಾತ್ರ ಹಾಗೇ ಉಳಿಯಿತು.

ಈಗ ಮಕ್ಕಳ ಸಂಖ್ಯೆ ನಾಲ್ಕು ಸಾವಿರ ಮೀರಿ, ವರ್ಜೀನಿಯಾದ ಅತಿ ದೊಡ್ಡ ಹೈಸ್ಕೂಲುಗಳಲ್ಲಿ ಅದೂ ಒಂದು. ಲ್ಯಾಟಿನ್ ಅಮೆರಿಕದ ಮೂಲದವರು, ಇಥಿಯೋಪಿಯಾದಿಂದ, ಅಫ್ಘಾನಿಸ್ತಾನದಿಂದ ಬಂದವರು, ಕಪ್ಪು ಜನಾಂಗದವರು, ಬಿಳಿಯರು ಎಲ್ಲರೂ ಇದ್ದಾರೆ. ಜಾಗ ಸಾಲದೆ ಎರಡನೇ ಹೈಸ್ಕೂಲು ತೆರೆಯೋಣವೇ ಎಂಬ ಪ್ರಶ್ನೆ ಬಂದಾಗ 2019ರಲ್ಲಿ ಶಾಲಾ ಮಂಡಳಿ ಬೇಡವೆಂದಿತು. ಎರಡಾದರೆ ಪಶ್ಚಿಮದ ಬಡಾವಣೆಗಳದ್ದೊಂದು, ಪೂರ್ವದ ಸಿರಿವಂತರದ್ದೊಂದು ಎಂದು ಮತ್ತೆ ಒಡೆಯುತ್ತದೆ ಎಂಬ ಆತಂಕ ಆ ಚರ್ಚೆಯಲ್ಲಿತ್ತು. ಬದಲಿಗೆ ಮಿನ್ನಿ ಹವರ್ಡ್ ಎಂಬ ಇನ್ನೊಂದು ಆವರಣದಲ್ಲಿ ಹೊಸ ಕಟ್ಟಡ ಕಟ್ಟಿ 2024ರಲ್ಲಿ ತೆರೆದರು. ಶಾಲೆ ಒಂದೇ, ಕಟ್ಟಡಗಳು ಹಲವು, ನಡುವೆ ಓಡಾಡುವ ಬಸ್ಸುಗಳು. ಇದಕ್ಕೂ ಬೆಲೆಯಿದೆ. ಎರಡು ಶಾಲೆಗಳಿದ್ದರೆ ಎರಡು ಫುಟ್‌ಬಾಲ್ ತಂಡ, ಎರಡು ಬಾಸ್ಕೆಟ್‌ಬಾಲ್ ತಂಡ, ಎರಡು ನಾಟಕ ಮಂಡಳಿ. ಈಗ ನಾಲ್ಕು ಸಾವಿರ ಮಕ್ಕಳಲ್ಲಿ ಶಾಲೆಯ ಮುಖ್ಯ ಬಾಸ್ಕೆಟ್‌ಬಾಲ್ ತಂಡಕ್ಕೆ ಸೇರುವವರು ಹದಿನೈದು ಮಂದಿಯೋ ಇಪ್ಪತ್ತು ಮಂದಿಯೋ. ಆಯ್ಕೆ ಶಿಬಿರದ ದಿನ ಪಟ್ಟಿಯಲ್ಲಿ ಹೆಸರಿಲ್ಲದ ಮಕ್ಕಳಿಗೆ ಮಂಡಳಿಯವರು ಇನ್ನೂ ಒಳ್ಳೆಯ ಉತ್ತರ ಕೊಟ್ಟಿಲ್ಲ.