ಚೀನೀ ಊಟಕ್ಕೆ ಆಯಿ ಬಂದದ್ದು

ಹಿಂದಿನ ಸಂಚಿಕೆಯಲ್ಲಿ ಮಳೆಗಾಲದ ಲೋಕಲ್ ಗಾಡಿಯ ಪುರಾಣ ಹೇಳಿದ್ದೆವು. ಓದುಗ ಮಹಾಶಯರೊಬ್ಬರು ಸಂಘದ ವಾಚನಾಲಯದಲ್ಲಿ ನಮ್ಮನ್ನು ಹಿಡಿದು ನಿಲ್ಲಿಸಿ, "ಗಾಡಿಯ ಸಂಗತಿ ನಮಗೂ ಗೊತ್ತು ಸ್ವಾಮಿ, ಮನೆಯದೇನಾದರೂ ಬರೆಯಿರಿ" ಎಂದರು. ಆದ್ದರಿಂದ ಈ ಸಲ ಮನೆಯ ಮಾತು. ಇದರಲ್ಲಿ ನಮ್ಮ ಮರ್ಯಾದೆ ಸ್ವಲ್ಪ ಹೋಗುತ್ತದೆ, ಹೋಗಲಿ.

ಇಲಾಖೆಯ ಪರೀಕ್ಷೆಯಲ್ಲಿ ಮೂರನೆಯ ಪ್ರಯತ್ನಕ್ಕೆ ನಾವು ಪಾಸಾದೆವು. ಮನೆಯಾಕೆ ಸತ್ಯನಾರಾಯಣ ಪೂಜೆ ಆಗಬೇಕೆಂದಳು. ಹನ್ನೊಂದು ವರ್ಷದ ಮಗಳು ಪುಟ್ಟಿ ಚೀನೀ ಊಟ ಆಗಬೇಕೆಂದಳು. ಪೂಜೆ ಆಯಿತು. ಊಟಕ್ಕೆ ಮಾಟುಂಗಾಕ್ಕೆ ಹೋಗೋಣ, 1942ರಲ್ಲಿ ರಾಮ ನಾಯಕರು ತೆರೆದ ಉಡುಪಿ ಭೋಜನಗೃಹದಲ್ಲಿ ಬಾಳೆಲೆಯ ಮೇಲೆ ಉಣ್ಣೋಣ ಎಂದು ನಾವು ಸೂಚಿಸಿ ನೋಡಿದೆವು. "ಅಲ್ಲಿ ಸಿಗುವುದು ಅಜ್ಜಿ ಮನೆಯಲ್ಲೇ ಮಾಡುತ್ತಾಳಲ್ಲ ಅಪ್ಪ" ಎಂದಳು ಪುಟ್ಟಿ. ಅಲ್ಲಿಗೆ ನಮ್ಮ ಸೂಚನೆ ಬಿದ್ದುಹೋಯಿತು. ಶಿರಸಿಯಿಂದ ಬಂದು ಎರಡು ತಿಂಗಳಿಂದ ನಮ್ಮಲ್ಲಿದ್ದ ಆಯಿ, "ಯಾನೂ ಬತ್ತಿ" ಎಂದುಬಿಟ್ಟಳು. ಈರುಳ್ಳಿ ಬೆಳ್ಳುಳ್ಳಿಗಳೊಡನೆ ಆಯಿ ಎಂದೋ ರಾಜಿ ಮಾಡಿಕೊಂಡಿದ್ದಾಳೆ. ಜೀವವಿದ್ದದ್ದನ್ನು ಮಾತ್ರ ಎಪ್ಪತ್ತೆರಡು ವರ್ಷಗಳಲ್ಲಿ ಒಂದು ದಿನವೂ ಮುಟ್ಟಿದವಳಲ್ಲ.

ಚೀನೀ ಊಟ ನಮಗೆ ಹೊಸದೇನಲ್ಲ. ಮುಂಬಯಿಯ ಉಡುಪಿ ಹೊಟೇಲುಗಳ ಪಟ್ಟಿಯಲ್ಲಿ ಇಡ್ಲಿ ದೋಸೆಗಳು ಮುಗಿದ ಮೇಲೆ ಒಂದು ಚೀನೀ ಪುಟ ಇದ್ದೇ ಇರುತ್ತದೆ. ಶೆಜ್ವಾನ್ ದೋಸೆ ಎಂಬ ಸಂಕರ ಸಂತಾನವೂ ಅಲ್ಲಿಯದೇ. ಅಲ್ಲಿ ಸಿಗುವ ಮಂಚೂರಿಯನ್‌ಗೂ ಮಂಚೂರಿಯಾ ನಾಡಿಗೂ ನೆಂಟಸ್ತಿಕೆಯಿಲ್ಲ. ಕಲಕತ್ತೆಯಲ್ಲಿ ಹುಟ್ಟಿದ ಚೀನೀ ವಂಶದ ನೆಲ್ಸನ್ ವಾಂಗ್ ಎಂಬ ಬಾಣಸಿಗರು 1975ರಲ್ಲಿ ಇದೇ ಮುಂಬಯಿಯ ಕ್ರಿಕೆಟ್ ಕ್ಲಬ್ಬಿನಲ್ಲಿ ಅದನ್ನು ಮೊದಲು ಮಾಡಿದವರು. ಗಿರಾಕಿಯೊಬ್ಬ ಹೊಸದೇನಾದರೂ ಬೇಕೆಂದನಂತೆ. ಅವರು ಶುಂಠಿ, ಬೆಳ್ಳುಳ್ಳಿ, ಹಸಿಮೆಣಸುಗಳನ್ನು ನಮ್ಮವರಂತೆಯೇ ಹುರಿದು, ಗರಂ ಮಸಾಲೆ ಬೀಳಬೇಕಾದ ಹೊತ್ತಿಗೆ ಸೋಯಾ ಸಾಸ್ ಸುರಿದರು. ಆಗ ಅದು ಕೋಳಿಯದು. ಆ ಸ್ಥಾನಕ್ಕೆ ಹೂಕೋಸು ಬಂದದ್ದು ಆಮೇಲೆ. ನಮ್ಮ ಕರ್ನಾಟಕದಲ್ಲಂತೂ ಗೋಬಿ ಮಂಚೂರಿಯ ಗಾಡಿಯಿಲ್ಲದ ಪೇಟೆ ಕಡಿಮೆ. ಅದರ ಕೆಂಪು ಎಷ್ಟು ಏರಿತೆಂದರೆ, 2024ರ ಮಾರ್ಚಿಯಲ್ಲಿ ಕೃತಕ ಬಣ್ಣ ಹಾಕಕೂಡದೆಂದು ಸರಕಾರವೇ ಆಜ್ಞೆ ಹೊರಡಿಸಬೇಕಾಯಿತು. ಊರು ಬಿಟ್ಟು ಬಂದವರು ಬಂದ ಊರಿನ ನಾಲಗೆ ನೋಡಿ ಮಾಡಿದ ಅಡಿಗೆ ಅದು. ನಮ್ಮ ಉಡುಪಿಯವರೂ ಇಲ್ಲಿಗೆ ಬಂದು ಸಾಂಬಾರಿಗೆ ಬೆಲ್ಲ ಹೆಚ್ಚು ಮಾಡಿಲ್ಲವೆ?

ಪುಟ್ಟಿಗೆ ಬೇಕಾಗಿದ್ದುದು ಅದಲ್ಲ, 'ನಿಜವಾದ' ಚೀನೀ ಊಟ. ಅಂಥದೊಂದು ಹೊಸ ಭೋಜನಶಾಲೆ ಠಾಣೆಯ ಕಡೆ ತೆರೆದಿತ್ತು. ಹೆಸರು ಬೇಡ. ಕೆಂಪು ಕಂದೀಲಿಲ್ಲ, ಗೋಡೆಯ ಮೇಲೆ ಡ್ರ್ಯಾಗನ್ನಿಲ್ಲ. ಬೂದು ಬಣ್ಣದ ಗೋಡೆ, ಪಕ್ಕದವರ ಮುಖ ಕಂಡೂ ಕಾಣದಷ್ಟು ಬೆಳಕು. ಅಡಿಗೆಮನೆಗೆ ಮಾತ್ರ ಗಾಜಿನ ಗೋಡೆ. ಒಳಗೆ ಬಾಣಲೆಯಿಂದ ಬೆಂಕಿ ಏಳುವುದನ್ನು ಗಿರಾಕಿಗಳು ನೋಡಬಹುದು. ಪದಾರ್ಥಗಳ ಪಟ್ಟಿ ಎಲ್ಲಿ ಎಂದರೆ ಮೇಜಿಗೆ ಅಂಟಿಸಿದ ಕಪ್ಪು ಬಿಳಿ ಚೌಕುಳಿಯೊಂದನ್ನು ತೋರಿಸಿದರು. ಮೊಬೈಲನ್ನು ಅದಕ್ಕೆ ಹಿಡಿದರೆ ಪಟ್ಟಿ ಮೂಡುತ್ತದೆ. ಬೆಲೆಯನ್ನೂ ಅದೇ ತೋರಿಸಿತು. ಮನೆಯಾಕೆ ಅದನ್ನು ನೋಡಿ ನಮ್ಮನ್ನು ನೋಡಿದಳು. ಪರೀಕ್ಷೆ ಪಾಸಾದದ್ದು ಒಮ್ಮೆ ತಾನೇ ಎಂದೆವು.

ಆಯಿ ಮೊದಲು ಚಾ ಕೇಳಿದಳು. ಹಾಲಿಲ್ಲದ, ಸಕ್ಕರೆಯಿಲ್ಲದ, ಮಲ್ಲಿಗೆಯ ವಾಸನೆಯ ಚಾ ಹಿಡಿಯಿಲ್ಲದ ಬಟ್ಟಲಲ್ಲಿ ಬಂತು. ನೋಡಲು ಹೋದರೆ ಆಯಿ ಅಲ್ಲಿ ಚೀನೀ ಭಾಷೆಯನ್ನೇ ಆಡಿದಂತಾಯಿತು. ಚಾ ಎನ್ನುವುದು ಆ ದೇಶದ ಬಹುಭಾಗದ ಉಚ್ಚಾರ. ಟೀ ಎನ್ನುವುದು ಅದೇ ದೇಶದ ಫೂಜಿಯೆನ್ ಕರಾವಳಿಯವರ ಉಚ್ಚಾರದಿಂದ ಬಂದದ್ದು. "ಇದು ಕಷಾಯ" ಎಂದು ಆಯಿ ತೀರ್ಪು ಕೊಟ್ಟಳು. ಎರಡು ಬಟ್ಟಲು ಕುಡಿದಳು ಕೂಡ.

ಮಾಪೊ ತೋಫು ಎಂಬುದನ್ನು ಪುಟ್ಟಿ ಆರಿಸಿದಳು. ಸೋಯಾ ಹಾಲು ಒಡೆಸಿ ಕಟ್ಟಿದ ಗಿಣ್ಣಿನಂಥ ತುಂಡುಗಳು, ಕೆಂಪು ಎಣ್ಣೆಯಲ್ಲಿ ತೇಲುವಂಥವು. ಚೆಂಗ್ಡು ಪಟ್ಟಣದಲ್ಲಿ ಮುಖದ ಮೇಲೆ ಸಿಡುಬಿನ ಕಲೆಯಿದ್ದ ಮುದುಕಿಯೊಬ್ಬಳು ಮಾಡುತ್ತಿದ್ದಳೆಂದು ಆ ಹೆಸರು. ಮೂಲದಲ್ಲಿ ಅದಕ್ಕೆ ಕೊಚ್ಚಿದ ಮಾಂಸ ಬೀಳುತ್ತದೆ. ಇಲ್ಲಿ ಶಾಕಾಹಾರದ್ದೂ ಇತ್ತು, ಅದರ ಮುಂದೆ ಹಸುರು ಚುಕ್ಕೆಯಿತ್ತು. ಇದಲ್ಲದೆ ಅನ್ನ, ಶ್ಯಾವಿಗೆ, ಮತ್ತು 'ತರಕಾರಿಗಳು' ಎಂಬ ಶೀರ್ಷಿಕೆಯ ಕೆಳಗಿದ್ದ ಬಾಕ್‌ಚಾಯ್ ಸೊಪ್ಪು. ಸೊಪ್ಪಿನ ಮುಂದೆ ಚುಕ್ಕೆ ಇರಲಿಲ್ಲ. ಇರಲಿಲ್ಲವೆಂಬುದನ್ನು ನಾವು ನೋಡಿದ್ದೆವು ಎಂದು ಇಲ್ಲಿ ಒಪ್ಪಿಕೊಳ್ಳುತ್ತೇವೆ.

"ಎಲ್ಲಾ ಕೇಳಿದ್ಯನ, ತಮಾ?" ಎಂದಳು ಆಯಿ.

"ಕೇಳಿ ಆತು ಆಯಿ" ಎಂದೆವು.

ಕೇಳಿರಲಿಲ್ಲ. ಮಾಣಿ ಅವಸರದಲ್ಲಿದ್ದ. ಪಕ್ಕದ ಮೇಜಿನವರು ಕಡ್ಡಿಗಳಲ್ಲಿ ಸಲೀಸಾಗಿ ಉಣ್ಣುತ್ತಿದ್ದರು. ಅವರ ಎದುರು, ಇದರಲ್ಲಿ ಅದು ಇದೆಯೆ, ಬಾಣಲೆ ಬೇರೆಯೆ ಎಂದು ನಮ್ಮ ಕಚೇರಿಯ ಹಿಂದಿಯಲ್ಲಿ ವಿಚಾರಿಸಲು ಸಂಕೋಚವಾಯಿತು. ಸೊಪ್ಪಿನಲ್ಲಿ ಏನಿರುತ್ತದೆ ಮಹಾ ಎಂದುಕೊಂಡೆವು. ದಿನಕ್ಕೆ ನಲವತ್ತು ಕಾಗದಗಳ ಮೇಲೆ 'ಪರಿಶೀಲಿಸಲಾಗಿದೆ' ಎಂದು ಬರೆಯುವ ಕೈ ನಮ್ಮದು. ನಾಲಗೆಗೂ ಅದೇ ಅಭ್ಯಾಸ.

ಮೊದಲ ಅರ್ಧ ಗಂಟೆ ಸೊಗಸಾಗಿಯೇ ಹೋಯಿತು. ಕಡ್ಡಿಗಳಿಂದ ನಾವು ಒಂದೇ ಒಂದು ಶ್ಯಾವಿಗೆಯನ್ನು ಬಾಯಿಯ ತನಕ ತಂದೆವು, ಅದೂ ಅಂಗಿಯ ಮೇಲೆ ಇಳಿಯಿತು. ಆಯಿ ಚಮಚದಿಂದ ತೋಫು ಬಾಯಿಗಿಟ್ಟು ಕಣ್ಣು ಮುಚ್ಚಿದಳು. ಖಾರವಾಯಿತೇನೋ ಎಂದು ಮನೆಯಾಕೆ ನೀರಿನ ಲೋಟ ಮುಂದೆ ಮಾಡಿದಳು. ಆಯಿ ಕಣ್ಣು ತೆರೆದು "ಜುಮ್ಮನಕಾಯಿ!" ಎಂದಳು. ನಾವೂ ಬಾಯಿಗೆ ಹಾಕಿಕೊಂಡು ನೋಡಿದೆವು. ಸತ್ಯ. ತುಟಿ ಜುಮ್ಮೆಂದಿತು, ನಾಲಗೆ ಮರಗಟ್ಟಿತು. ಆಯಿ ಊರಲ್ಲಿ ಜುಮ್ಮನಕಾಯಿ ತಂಬುಳಿ ಮಾಡಿದ ದಿನ ಆಗುವ ಹಾಗೆಯೇ. ಸಿಚುವಾನ್ ಸೀಮೆಯವರು ಹಾಕುವ ಆ ಕಾಳೂ, ಕೊಂಕಣಿಗರು ತಿರ್ಫಳ ಎನ್ನುವ ನಮ್ಮ ಘಟ್ಟದ ಕಾಯಿಯೂ ಒಂದೇ ಕುಲದ ಗಿಡಗಳವು. ಅಷ್ಟೇ ಅಲ್ಲ, ಒಣಮೆಣಸು ಅವರಿಗೂ ನಮಗೂ ಅಮೆರಿಕಾ ಖಂಡದಿಂದ ಬಂದದ್ದು, ಹದಿನಾರನೆಯ ಶತಮಾನದಿಂದೀಚೆಗೆ. ಶೆಜ್ವಾನ್ ಎಂದು ನಮ್ಮ ಹೊಟೇಲುಗಳು ಬಡಿಸುವುದರಲ್ಲಿ ಮೆಣಸು ಬೆಳ್ಳುಳ್ಳಿಗಳು ಉಳಿದಿವೆ, ಆ ಕಾಳೇ ಬಿಟ್ಟುಹೋಗಿದೆ. ಆಯಿಗೆ ಇಷ್ಟೆಲ್ಲ ಬೇಕಾಗಿರಲಿಲ್ಲ. ಮರ ಎಲ್ಲಿತ್ತು, ಅದರ ಮುಳ್ಳು ಯಾರ ಕಾಲಿಗೆ ಚುಚ್ಚಿತ್ತು ಎಂದು ಮೊಮ್ಮಗಳಿಗೆ ಹೇಳತೊಡಗಿದಳು. ಮುಂಬಯಿಗೆ ಬಂದ ಮೇಲೆ ಅಷ್ಟು ಮಾತಾಡಿದ್ದು ಅದೇ ಮೊದಲು. ಆ ಉಲ್ಲಾಸದಲ್ಲಿಯೇ ಸೊಪ್ಪನ್ನು ಎರಡು ಸಲ ಹಾಕಿಸಿಕೊಂಡಳು.

ಅಜ್ಜಿಗೆ ಸೊಪ್ಪು ಹಿಡಿಸಿತೆಂದು ಪುಟ್ಟಿಗೆ ಸಂತೋಷ. ಮನೆಯಲ್ಲಿಯೂ ಮಾಡೋಣವೆಂದು ಮಾಣಿಯನ್ನು ಕರೆದು ಅದಕ್ಕೆ ಏನು ಹಾಕುತ್ತೀರಿ ಎಂದು ಕೇಳಿದಳು. ಆತ ವಿನಯದಿಂದ ಹೇಳಿದ: ಬೆಳ್ಳುಳ್ಳಿ, ಎಣ್ಣೆ, ಆಯ್ಸ್ಟರ್ ಸಾಸ್. ಆಯ್ಸ್ಟರ್ ಎಂದರೇನೆಂದು ಪುಟ್ಟಿ ಶಾಲೆಯಲ್ಲಿ ಓದಿದ್ದಾಳೆ. ಓದಿದ್ದನ್ನು ಜೋರಾಗಿಯೇ ಹೇಳಿದಳು: "ಅಜ್ಜಿ, ಸಮುದ್ರದ ಚಿಪ್ಪಿನ ಒಳಗಿನ ಪ್ರಾಣಿ!"

ಮಾಣಿಯ ತಪ್ಪಿಲ್ಲ. ಕ್ಯಾಂಟನ್ ಕಡೆಯ ಅಡಿಗೆಯಲ್ಲಿ ಸೊಪ್ಪು ಬೇಯಿಸಿ ಅದರ ಮೇಲೆ ಆ ಸಾಸ್ ಸುರಿಯುವುದು ವಾಡಿಕೆ. ಅವರ ಲೆಕ್ಕದಲ್ಲಿ ಸೊಪ್ಪು ತರಕಾರಿಯೇ. ತರಕಾರಿ ಎಂದರೆ ಅದರಲ್ಲಿ ಬೇರೇನೂ ಇರಬಾರದೆಂಬ ಅರ್ಥ ನಮ್ಮದು. ಕೇಳಿದವರಿಗೆ ಆತ ಹೇಳಿದ. ನಾವು ಕೇಳಿರಲಿಲ್ಲ.

ಆಯಿ ಕೂಗಾಡಲಿಲ್ಲ. ಚಮಚ ಕೆಳಗಿಟ್ಟು, ಕೈ ಬಾಯಿ ತೊಳೆದು ಬಂದು ಕುಳಿತಳು. ಉಳಿದವರು ಊಟ ಮುಗಿಸುವ ತನಕ ಕುಳಿತೇ ಇದ್ದಳು. ಮನೆಯಾಕೆ, "ಅತ್ತೆ, ಗೊತ್ತಿಲ್ಲದೆ ಆದದ್ದಕ್ಕೆ ದೋಷವಿಲ್ಲ" ಎಂದಳು. ಆಯಿ ನಮ್ಮ ಕಡೆ ತಿರುಗಿ, "ಗೊತ್ತಿಲ್ಲೆ ಹೇಳಿದ್ರೆ ಸಾಕಾಗಿತ್ತು ತಮಾ, ಬರೀ ಅನ್ನ ಉಣ್ತಿದ್ದಿ" ಎಂದಳು. ಅಷ್ಟೇ. ಬಿಲ್ಲಿನ ಮೊತ್ತ ನೋಡಿದಾಗ ಆಗಬೇಕಾಗಿದ್ದ ಸಂಕಟ ನಮಗೆ ಆಗಲೇ ಇಲ್ಲ. ಅದಕ್ಕೆ ಜಾಗ ಉಳಿದಿರಲಿಲ್ಲ.

ಮರುದಿನ ಆಯಿ ಎಂದಿಗಿಂತ ಬೇಗ ಎದ್ದು ಸ್ನಾನ ಮಾಡಿ, ರಾತ್ರಿಯ ತನಕ ಏನೂ ತೆಗೆದುಕೊಳ್ಳಲಿಲ್ಲ. ನಾವೂ ಕಚೇರಿಗೆ ಡಬ್ಬಿ ಒಯ್ಯಲಿಲ್ಲ. ಯಾಕೆಂದು ಅವಳು ಕೇಳಲಿಲ್ಲ. ವಾರವೊಂದು ಮನೆಯಲ್ಲಿ ಚೀನ ಎಂಬ ಶಬ್ದ ಹುಟ್ಟಲಿಲ್ಲ. ಜೋರಾಗಿ ಹೇಳಿದ್ದು ತಪ್ಪೇ ಅಪ್ಪ ಎಂದು ಪುಟ್ಟಿ ಒಂದು ರಾತ್ರಿ ಬಂದು ಕೇಳಿದಳು. ಅಲ್ಲ ಎಂದೆವು.

ಊರಿಗೆ ಹೊರಡಲು ನಾಲ್ಕು ದಿನ ಇರುವಾಗ ಆಯಿಯೇ ಮಾತು ತೆಗೆದಳು. ಆ ಸಿಡುಬಿನ ಮುದುಕಿಯ ಪದಾರ್ಥ ಇನ್ನೊಮ್ಮೆ ಉಣ್ಣಬೇಕಂತೆ. ವಿಚಾರಿಸುವ ಕೆಲಸ ಮಾತ್ರ ಪುಟ್ಟಿಯದು.

ಹೋದೆವು. ಪುಟ್ಟಿ ನೋಟುಬುಕ್ಕಿನಲ್ಲಿ ಏಳು ಪ್ರಶ್ನೆ ಬರೆದುಕೊಂಡು ಬಂದಿದ್ದಳು. ಮಾಣಿಗೆ ನಾಲ್ಕಕ್ಕೆ ಉತ್ತರ ತಿಳಿದಿತ್ತು. ಉಳಿದದ್ದಕ್ಕೆ ಒಳಗಿನಿಂದ ಬಾಣಸಿಗನನ್ನೇ ಕರೆತಂದ. ಆತ ಡಾರ್ಜಿಲಿಂಗ್ ಕಡೆಯ ಹುಡುಗ. ಮೇಜಿನ ಹತ್ತಿರ ಬಗ್ಗಿ ನಿಂತು, ಆಯಿಯನ್ನು ಅಮ್ಮಾ ಎಂದು ಕರೆದು, ಅಣಬೆಯಿಂದ ಮಾಡಿದ ಸಾಸೂ ಇದೆ, ಸೊಪ್ಪಿಗೆ ಅದನ್ನೇ ಹಾಕುತ್ತೇನೆ, ಬಾಣಲೆ ಬೇರೆ ಇಡುತ್ತೇನೆ ಎಂದ. ಗಾಜಿನ ಗೋಡೆಯ ಆಚೆ ಆ ಬಾಣಲೆಯನ್ನು ಎತ್ತಿ ತೋರಿಸಿಯೂ ತೋರಿಸಿದ. ಪಕ್ಕದ ಮೇಜಿನವರು ತಿರುಗಿ ನೋಡಿದರು. ನೋಡಿ, ತಮ್ಮ ಮಾಣಿಯನ್ನು ಕರೆದು ಅವರೂ ಏನೋ ಕೇಳಿದರು.

ಆಯಿ ತೋಫು ಉಂಡಳು, ಸೊಪ್ಪು ಉಂಡಳು, "ಅಡ್ಡಿಲ್ಲೆ" ಎಂದಳು. ಪುಟ್ಟಿ ಕೊನೆಯ ಪ್ರಶ್ನೆಗೂ ಗೆರೆ ಎಳೆದು ಪುಸ್ತಕ ಮುಚ್ಚಿದಳು. ನಾವು ಕಷಾಯ ಕುಡಿಯುತ್ತಾ ಕುಳಿತಿದ್ದೆವು. ನಮ್ಮನ್ನು ಯಾರೂ ಏನೂ ಕೇಳಲಿಲ್ಲ.