ಕಿತ್ತಳೆ ಮರದಿಂದ ಬಿದ್ದ ಮಿಸ್ಟೀರಿಯೋ

ಮಂಗಳವಾರ ರಾತ್ರಿ ಒಂಬತ್ತೂವರೆ ಆದಮೇಲೆ ನಾನು ಆಫೀಸಿನ ಕಾಲ್ ತಗೊಳ್ಳಲ್ಲ. ‘ಪರ್ಸನಲ್ ಕೆಲಸ ಇದೆ’ ಅಂತ ಮ್ಯಾನೇಜರಿಗೆ ಹೇಳಿಟ್ಟಿದ್ದೇನೆ. ಜಿಮ್ಮೋ, ಹುಡುಗಿಯೋ ಅಂದುಕೊಂಡಿರಬೇಕು ಪಾಪ. ನಿಜ ಹೇಳಿದರೆ ಮರ್ಯಾದೆ ಉಳಿಯಲ್ಲ. ಆ ಹೊತ್ತಿಗೆ ನಾವು ನಾಲ್ಕು ಜನ ನಾಲ್ಕು ಕಡೆ ಕೂತು, ಫೋನಿನಲ್ಲಿ ‘ಮೂರು, ಎರಡು, ಒಂದು’ ಅಂತ ಎಣಿಸಿ ಒಟ್ಟಿಗೆ ಪ್ಲೇ ಒತ್ತಿ, ಇಪ್ಪತ್ತು ವರ್ಷ ಹಳೆಯ ರೆಸ್ಲಿಂಗ್ ನೋಡುತ್ತಿರುತ್ತೇವೆ.

ನಾಲ್ವರೂ ಅತ್ತಿಗುಂಡಿ ಕಡೆಯವರು. ಬಾಬಾಬುಡನ್‌ಗಿರಿಗೆ ಹೋಗಿದ್ದರೆ ನೀವು ನಮ್ಮೂರನ್ನು ದಾಟಿಯೇ ಹೋಗಿರುತ್ತೀರಿ, ಮಂಜಿನಲ್ಲಿ ಕಾಣಿಸದೇ ಇದ್ದಿರಬಹುದು. ಈಗ ನಾನು ಬೆಂಗಳೂರು. ಬಟಿಸ್ಟಾ ಮಂಗಳೂರಿನಲ್ಲಿ ಬ್ಯಾಂಕ್ ಕೆಲಸ. ಕೇನ್ ಕಡೂರಿನ ಹತ್ತಿರ ಪ್ರೈಮರಿ ಸ್ಕೂಲ್ ಮೇಷ್ಟ್ರು. ಮಿಷ್ಟಿ, ಅಂದರೆ ರೇ ಮಿಸ್ಟೀರಿಯೋ, ಊರಲ್ಲೇ ಇದ್ದಾನೆ, ಟೂರಿಸ್ಟ್ ಜೀಪ್ ಓಡಿಸುತ್ತಾನೆ. ಶನಿವಾರ, ಭಾನುವಾರ ಅವನಿಗೆ ಬಿಡುವಿಲ್ಲ, ಅದಕ್ಕೇ ಮಂಗಳವಾರ. ಮನೆಯಲ್ಲಿ ನೆಟ್‌ವರ್ಕ್ ನಿಲ್ಲಲ್ಲ ಅಂತ ಜೀಪನ್ನು ಸಿಗ್ನಲ್ ಸಿಗೋ ತಿರುವಿಗೆ ತಂದು ನಿಲ್ಲಿಸಿ, ಗ್ಲಾಸ್ ಏರಿಸಿಕೊಂಡು, ಸ್ಟೇರಿಂಗಿಗೆ ಫೋನ್ ಒರಗಿಸಿ ನೋಡುತ್ತಾನೆ. ನಮ್ಮೆಲ್ಲರ ಕೈ ಫೈನಲ್ ಹೊಡೆತಕ್ಕೆ ಬಂದಿರುವಾಗ ಅವನದಿನ್ನೂ ಗುಂಡಿ ಗುಂಡಿಯಾಗಿ ತಿರುಗುತ್ತಿರುತ್ತದೆ. ‘ಹೇಳ್ಬೇಡ್ರೋ, ಹೇಳ್ಬೇಡ್ರೋ’ ಅಂತ ಕೂಗುತ್ತಾನೆ. ಯಾರು ಗೆಲ್ಲೋದು ಅಂತ 2006ರಲ್ಲೇ ಗೊತ್ತಿದ್ದ ಪಂದ್ಯ!

ನನ್ನ ಹೆಸರು ಖಲಿ. ಐದನೇ ಕ್ಲಾಸಿನಿಂದಲೇ ಎಲ್ಲರಿಗಿಂತ ಒಂದು ಗೇಣು ಉದ್ದ ಇದ್ದೆ, ಅಷ್ಟೇ ಅರ್ಹತೆ.

ನಮ್ಮ ವಯಸ್ಸಿನವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಟೆನ್ ಸ್ಪೋರ್ಟ್ಸ್, ಮರುಪ್ರಸಾರದ ಮರುಪ್ರಸಾರ, ಅಂಗಡಿಯಲ್ಲಿ ಸಿಗುತ್ತಿದ್ದ ಟ್ರಂಪ್ ಕಾರ್ಡು. ಎತ್ತರ, ತೂಕ, ಎದೆಯ ಅಳತೆ, ರ‍್ಯಾಂಕ್. ಲೆಕ್ಕದ ಪರೀಕ್ಷೆಯಲ್ಲಿ ತಡವರಿಸುವವರೂ ಅಂಡರ್‌ಟೇಕರ್ ತೂಕ ಎಷ್ಟು ಪೌಂಡ್ ಅಂತ ನಿದ್ದೆಯಲ್ಲಿ ಹೇಳುತ್ತಿದ್ದರು. ಅವನು ಏಳು ಸಲ ಸತ್ತು ಬದುಕಿದವನು ಅಂತ ಅತ್ತಿಗುಂಡಿಯಲ್ಲಿ ಎಲ್ಲರಿಗೂ ಗೊತ್ತಿತ್ತು. ಅಕ್ಷಯ್ ಕುಮಾರ್ ಒಂದು ಸಿನಿಮಾದಲ್ಲಿ ಅವನನ್ನು ಹೊಡೆದಿದ್ದಾನೆ ಅಂತ ಬಟಿಸ್ಟಾನ ಅಣ್ಣ ಬೆಟ್ ಕಟ್ಟುತ್ತಿದ್ದ. ಆ ಸಿನಿಮಾ 1996ರ ‘ಖಿಲಾಡಿಯೋಂ ಕಾ ಖಿಲಾಡಿ’. ಅದರಲ್ಲಿದ್ದದ್ದು ಅಂಡರ್‌ಟೇಕರ್ ವೇಷದ ಬ್ರಯಾನ್ ಲೀ ಅಂತ ನಮಗೆ ಗೊತ್ತಾಗಿದ್ದು ಇಂಟರ್ನೆಟ್ ಬಂದಮೇಲೆ. ಬೆಟ್ ದುಡ್ಡು ಅಷ್ಟು ಹೊತ್ತಿಗೆ ಕಡ್ಲೆ ಮಿಠಾಯಿಯಾಗಿ ಕರಗಿಹೋಗಿತ್ತು.

ನಮ್ಮನೆ ಹಂಚಿನ ಮೇಲೆ ಡಿಶ್ ಬಂದಿದ್ದು 2006ರಲ್ಲಿ. ಅಪ್ಪ ಎಸ್ಟೇಟಿನಲ್ಲಿ ರೈಟರ್ ಆಗಿದ್ದರು. ಲೈನ್ ಮನೆಗಳಲ್ಲಿ ಆಗ ಡಿಶ್ ಇರಲಿಲ್ಲ. ಹಾಗಾಗಿ ಸಂಜೆಯಾದರೆ ಹುಡುಗರೆಲ್ಲ ನಮ್ಮ ಜಗಲಿಗೆ ಬರುತ್ತಿದ್ದರು. ಬಟಿಸ್ಟಾ, ಕೇನ್ ಒಳಗೆ ಬಂದು ಸೋಫಾ ಹತ್ತುತ್ತಿದ್ದರು. ಮಿಷ್ಟಿ ಹೊಸ್ತಿಲ ಹೊರಗೆ ಕೂತು, ಬಾಗಿಲ ಚೌಕಟ್ಟಿಗೆ ಒರಗಿ ನೋಡುತ್ತಿದ್ದ. ಯಾರೂ ಅವನಿಗೆ ಹಾಗೆ ಕೂರು ಅಂತ ಹೇಳಿದ ನೆನಪಿಲ್ಲ. ಒಳಗೆ ಬಾ ಅಂತ ಹೇಳಿದ ನೆನಪೂ ಇಲ್ಲ.

ಈಗ ಮತ್ತೆ ನೋಡುವಾಗ ಮೊದಮೊದಲು ನಗುವೇ ಜಾಸ್ತಿ. ಖಲಿ ಒಂದು ಕಾಲು ಎತ್ತಿಡುವಷ್ಟರಲ್ಲಿ ಮೇಷ್ಟ್ರು ಒಂದು ಮಗ್ಗಿ ಹೇಳಿ ಮುಗಿಸಬಹುದು. ‘ಇವನನ್ನ ನೋಡಿ ನಾವು ಹೆದರ್ತಿದ್ವಾ ಮಾರಾಯ?’ ಅಂತ ಕೇನ್. ಆಮೇಲೆ, ಎರಡು ಮೂರು ವಾರ ಕಳೆದ ಮೇಲೆ, ನಮ್ಮ ಕಣ್ಣು ಹೊಡೆಯುವವನನ್ನು ಬಿಟ್ಟು ಬೀಳುವವನ ಕಡೆ ತಿರುಗಿತು. ಮಜಾ ಇರೋದು ಅಲ್ಲಿ.

ಚೋಕ್‌ಸ್ಲ್ಯಾಮ್ ತಗೊಳ್ಳಿ. ಕುತ್ತಿಗೆ ಹಿಡಿದು ಎತ್ತಿ ನೆಲಕ್ಕೆ ಬಡಿಯೋದು. ಸ್ಲೋ ಮಾಡಿ ನೋಡಿದರೆ ಎತ್ತಿಸಿಕೊಳ್ಳುವವನು ಎದುರಾಳಿಯ ಕೈ ಹಿಡಿದುಕೊಂಡು ತಾನೇ ಜಿಗಿಯುತ್ತಾನೆ. ಬೀಳುವಾಗ ಗದ್ದವನ್ನು ಎದೆಗೆ ಒತ್ತಿಕೊಳ್ಳುತ್ತಾನೆ, ತಲೆ ಹಿಂದಕ್ಕೆ ಬಡಿಯಬಾರದು ಅಂತ. ಬೆನ್ನು ಪೂರ್ತಿ ಚಪ್ಪಟೆಯಾಗಿ ಒಂದೇ ಸಲ ತಾಗಬೇಕು, ಎರಡೂ ಕೈ ಚಾಚಿ ನೆಲಕ್ಕೆ ಹೊಡೆಯಬೇಕು, ಆಗ ಪೆಟ್ಟು ಹರಡಿಕೊಳ್ಳುತ್ತದೆ. ಎತ್ತುವವನಿಗೂ ಕೆಲಸ ಕಮ್ಮಿಯಿಲ್ಲ, ಬೀಳುವವನು ಸರಿಯಾಗಿ ಚಪ್ಪಟೆ ಬೀಳೋ ಹಾಗೆ ಕೊನೇ ತನಕ ಹಿಡಿದು ಇಳಿಸಬೇಕು. ರಿಂಗಿನ ಹಲಗೆಗಳು ಉಕ್ಕಿನ ಚೌಕಟ್ಟಿನ ಮೇಲೆ ಕೂತಿರುತ್ತವೆ, ಮೇಲೆ ತೆಳು ಫೋಮು, ಕ್ಯಾನ್ವಾಸು. ಸದ್ದು ಜೋರು, ಆದರೆ ಹಲಗೆ ಬಗ್ಗಿಕೊಡುತ್ತದೆ. ಹಾಗಂತ ನೋವಾಗಲ್ಲ ಅಂತಲ್ಲ. ಯಾರು ಗೆಲ್ಲಬೇಕು ಅನ್ನೋದು ಮೊದಲೇ ನಿಗದಿ, ಬೀಳೋದನ್ನ ಮಾತ್ರ ಬಿದ್ದೇ ತೋರಿಸಬೇಕು.

ಇದು ಗೊತ್ತಾದಮೇಲೆ ಒಂದು ಹಳೇ ಪಂದ್ಯ ನಮ್ಮ ಗುಂಪಿನಲ್ಲಿ ಮೂರು ಮಂಗಳವಾರ ತಿಂದುಹಾಕಿತು. 1997ರ ಆಗಸ್ಟ್ 3, ಸಮ್ಮರ್‌ಸ್ಲ್ಯಾಮ್. ಸ್ಟೋನ್ ಕೋಲ್ಡ್ ಸ್ಟೀವ್ ಆಸ್ಟಿನ್ ಮತ್ತು ಓವನ್ ಹಾರ್ಟ್. ಓವನ್ ಅವನನ್ನು ತಲೆಕೆಳಗು ಮಾಡಿ ಪೈಲ್‌ಡ್ರೈವರ್ ಹಾಕುತ್ತಾನೆ. ತಲೆ ತೊಡೆಗಳಿಗಿಂತ ಕೆಳಗೆ ಇಳಿದುಬಿಟ್ಟಿದೆ, ನೆತ್ತಿ ನೇರ ನೆಲಕ್ಕೆ. ಆಸ್ಟಿನ್‌ಗೆ ಕೈಕಾಲು ಸ್ವಾಧೀನ ತಪ್ಪುತ್ತದೆ. ಇದು ನಾಟಕವಲ್ಲ. ಅಲ್ಲಿಂದ ಮುಂದಿನ ಒಂದೆರಡು ನಿಮಿಷ ಓವನ್‌ನನ್ನು ನೋಡಿ. ಮಲಗಿರುವವನನ್ನು ಮುಟ್ಟುವುದೇ ಇಲ್ಲ. ರಿಂಗಿನಲ್ಲಿ ಅತ್ತಿಂದಿತ್ತ ಓಡಾಡುತ್ತಾನೆ, ಜನರ ಕಡೆ ತಿರುಗಿ ಕೂಗುತ್ತಾನೆ, ಜಂಬ ಕೊಚ್ಚುತ್ತಾನೆ. ಚಿಕ್ಕವರಿದ್ದಾಗ ನೋಡಿದ್ದರೆ ‘ಎಂಥಾ ಕೊಬ್ಬು’ ಅನ್ನುತ್ತಿದ್ದೆವು. ಅವನು ಟೈಮ್ ಕೊಡುತ್ತಿದ್ದಾನೆ. ಬಿದ್ದವನಿಗೆ ಬೆರಳು ಆಡಲಿ ಅಂತ ಕಾಯುತ್ತಿದ್ದಾನೆ. ಕೊನೆಗೆ ಆಸ್ಟಿನ್ ತೆವಳಿಕೊಂಡು ಬಂದು, ಚಿಕ್ಕ ಮಕ್ಕಳು ಹಿಡಿದ ಹಾಗೆ ಒಂದು ಹಿಡಿತ ಹಿಡಿಯುತ್ತಾನೆ, ಓವನ್ ಸುಮ್ಮನೆ ಸೋತು ಕೊಡುತ್ತಾನೆ. ಆ ಓವನ್ ಎರಡು ವರ್ಷವೂ ಇರಲಿಲ್ಲ. 1999ರ ಮೇ 23ರಂದು ಕಾನ್ಸಾಸ್ ಸಿಟಿಯಲ್ಲಿ, ಮೇಲಿನಿಂದ ಇಳಿದು ಬರುವ ಎಂಟ್ರಿಯ ಹೊತ್ತಿನಲ್ಲಿ ಬಿದ್ದು ತೀರಿಕೊಂಡ. ಶೋ ನಿಲ್ಲಿಸಲಿಲ್ಲ.

ಎಲ್ಲವನ್ನೂ ಹೀಗೆ ನೋಡೋಕಾಗಲ್ಲ. ರೆಸಲ್‌ಮೇನಿಯಾ 20, ಮಾರ್ಚ್ 2004. ಕೊನೆಯಲ್ಲಿ ಎಡ್ಡಿ ಗೆರೆರೋ, ಕ್ರಿಸ್ ಬೆನ್ವಾ ಇಬ್ಬರೂ ಚಾಂಪಿಯನ್‌ಗಳು, ಅಳುತ್ತಾ ಅಪ್ಪಿಕೊಳ್ಳುತ್ತಾರೆ, ಮೇಲಿನಿಂದ ಬಣ್ಣದ ಕಾಗದ ಉದುರುತ್ತದೆ. ಎಡ್ಡಿ 2005ರಲ್ಲಿ ಹೋದ. ಬೆನ್ವಾ 2007ರ ಜೂನ್‌ನಲ್ಲಿ ಹೆಂಡತಿಯನ್ನೂ ಏಳು ವರ್ಷದ ಮಗನನ್ನೂ ಕೊಂದು ತಾನೂ ಸತ್ತ. ಅವನ ಮಿದುಳು ಪೆಟ್ಟು ತಿಂದು ತಿಂದು ತೀರಾ ಹಾಳಾಗಿತ್ತು ಅಂತ ಆಮೇಲೆ ಪರೀಕ್ಷೆ ಮಾಡಿದ ಡಾಕ್ಟರುಗಳು ಹೇಳಿದರು. ತಲೆಗೆ ಕುರ್ಚಿಯಲ್ಲಿ ಹೊಡೆಯುವುದನ್ನು ಕಂಪನಿ ನಿಲ್ಲಿಸಿದ್ದು 2010ರಲ್ಲಿ. ನಾವು ಬಾಲ್ಯದಲ್ಲಿ ಚಪ್ಪಾಳೆ ತಟ್ಟಿದ್ದು ಜಾಸ್ತಿ ಆ ಕುರ್ಚಿ ಏಟುಗಳಿಗೇ. ಈ ಪಂದ್ಯ ನೋಡೋಣ ಅಂತ ಬಟಿಸ್ಟಾ ಅಂದ. ಆಟ ಬೇರೆ, ಮನುಷ್ಯ ಬೇರೆ ಅಂತ ಅವನ ವಾದ. ಕೇನ್, ‘ನನ್ನ ಕ್ಲಾಸಲ್ಲಿ ಏಳು ವರ್ಷದ ಮಕ್ಕಳು ಇಪ್ಪತ್ತೆರಡು ಜನ ಇದ್ದಾರೆ, ನಂಗಾಗಲ್ಲ’ ಅಂದು ಕಾಲ್ ಕಟ್ ಮಾಡಿದ. ಆ ವಾರ ಯಾರೂ ಏನೂ ನೋಡಲಿಲ್ಲ. ನನಗೆ ಕೇನ್ ಹೇಳಿದ್ದೇ ಸರಿ ಅನ್ನಿಸುತ್ತದೆ, ಬಟಿಸ್ಟಾಗೆ ಈಗಲೂ ಅನ್ನಿಸಲ್ಲ.

ಮುಂದಿನ ಮಂಗಳವಾರ ಜಗಳ ಮರೆಸೋಕೆ ಅಂತ ನಾನೇ ಆರಿಸಿದ್ದು ನಮ್ಮ ಊರಿನ ಪಂದ್ಯ. ಖಲಿ ಮತ್ತು ರೇ ಮಿಸ್ಟೀರಿಯೋ. 2006ರ ಏಪ್ರಿಲ್‌ನಲ್ಲಿ ಮಿಸ್ಟೀರಿಯೋ ವರ್ಲ್ಡ್ ಹೆವಿವೇಟ್ ಚಾಂಪಿಯನ್ ಆಗಿದ್ದ, ಐದಡಿ ಆರಿಂಚಿನ ಪುಟ್ಟ ಮನುಷ್ಯ. ಏಳಡಿ ದಾಟಿದ ಖಲಿ ಅದಾದ ಸ್ವಲ್ಪ ದಿನಕ್ಕೇ ಅವನನ್ನು ಹಣ್ಣುಗಾಯಿ ಮಾಡಿದ. ಹಿಮಾಚಲದ ನಮ್ಮವನು ಗೆದ್ದ ಅಂತ ಜಗಲಿ ತುಂಬ ಕುಣಿದಿದ್ದೆವು. ಮಿಷ್ಟಿ ಒಬ್ಬನೇ ಕುಣಿದಿರಲಿಲ್ಲ.

ಈ ಪಂದ್ಯವನ್ನು ನಾವು ಮತ್ತೆ ಆಡಿದ್ದೆವು. 2007ರ ಜನವರಿ, ಒಂದು ಭಾನುವಾರ. ಕೊಯ್ಲು ಮುಗಿಯುತ್ತಾ ಬಂದಿತ್ತು. ದೊಡ್ಡವರು ಸುಮಾರು ಜನ ಪೇಟೆಗೆ ಹೋಗಿದ್ದರು. ಕಾಫಿ ಒಣಗಿಸುವ ಕಣದ ಮೂಲೆಯಲ್ಲಿ ನಾಲ್ಕು ಬಿದಿರು ನಿಲ್ಲಿಸಿ, ತೆಂಗಿನ ಹಗ್ಗ ಸುತ್ತಿ, ಕೆಳಗೆ ಹುಲ್ಲು ಹರಡಿ ಮೇಲೆ ಗೋಣಿಚೀಲ ಹಾಸಿದ್ದೆವು. ಬಟಿಸ್ಟಾನ ತಮ್ಮ ರೆಫರಿ, ಆರು ವರ್ಷ. ನಾನು ಎರಡೂ ಕೈಯಲ್ಲಿ ಮಿಷ್ಟಿಯ ಕುತ್ತಿಗೆ, ಭುಜ ಸೇರಿಸಿ ಹಿಡಿದೆ, ಖಲಿ ಮಾಡುವ ಹಾಗೆಯೇ. ಅವನು ಜಿಗಿಯಲಿಲ್ಲ, ಜಿಗಿಯಬೇಕು ಅಂತ ಅವನಿಗೆ ಯಾರು ಹೇಳಿಕೊಟ್ಟಿದ್ದರು? ನಾನೇ ಪೂರಾ ಎತ್ತಿದೆ. ಎತ್ತಿದ್ದು ನೆನಪಿದೆ, ಜನ ಕೂಗಿದ್ದು ನೆನಪಿದೆ. ಕೈ ಬಿಟ್ಟಿದ್ದೂ ನೆನಪಿದೆ. ಅವನು ಹುಲ್ಲಿನ ಅಂಚಿಗೆ ಹೋಗಿ, ಎಡ ಭುಜ ಕೆಳಗಾಗಿ ಸಿಮೆಂಟಿನ ಮೇಲೆ ಬಿದ್ದ.

ನಿಜವಾದ ಪಂದ್ಯದಲ್ಲಿ ಯಾರಿಗಾದರೂ ನಿಜವಾಗಿ ಪೆಟ್ಟಾದರೆ ರೆಫರಿ ಎರಡೂ ಕೈ ಮೇಲೆತ್ತಿ ಇಂಟು ಮಾರ್ಕ್ ಮಾಡುತ್ತಾನೆ. ನಮ್ಮ ರೆಫರಿ ಅಳುತ್ತಾ ಮನೆಗೆ ಓಡಿದ.

ಭುಜದ ಮುಂದಿನ ಮೂಳೆ ಮುರಿದಿತ್ತು. ಎಸ್ಟೇಟಿನ ಜೀಪಿನಲ್ಲಿ ಚಿಕ್ಕಮಗಳೂರಿಗೆ ಕರಕೊಂಡು ಹೋಗಿದ್ದು ನಮ್ಮಪ್ಪನೇ. ಮಿಷ್ಟಿಯ ಅಮ್ಮ ಅವನನ್ನು ಮಡಿಲಿಗೆ ಒರಗಿಸಿಕೊಂಡು ಹಿಂದೆ ಕೂತಿದ್ದರು, ನಾನು ಅವರ ಎದುರಿಗೆ. ‘ಏನಾಯ್ತೋ?’ ಅಂತ ಅಪ್ಪ ಕೇಳಿದರು. ನಾನು ಬಾಯಿ ಬಿಡುವ ಮೊದಲೇ ಮಿಷ್ಟಿ, ‘ಕಿತ್ತಳೆ ಮರ ಹತ್ತಿದ್ದೆ ಸಾರ್, ಜಾರಿಬಿಟ್ಟೆ’ ಅಂದ. ಕೈಮರ ಬರುವ ತನಕ ಅಪ್ಪ ಅವನಿಗೆ ಬೈದರು, ಮಂಗನ ಹಾಗೆ ಮರ ಹತ್ತಿದರೆ ಇನ್ನೇನಾಗುತ್ತೆ ಅಂತ. ಪ್ರತಿ ತಿರುವಿಗೂ ಅವನ ಮುಖ ಹಿಂಡಿಕೊಳ್ಳುತ್ತಿತ್ತು. ನಾನು ಜೀಪಿನ ತಗಡಿನ ಮೇಲಿನ ಬೋಲ್ಟುಗಳನ್ನು ಎಣಿಸುತ್ತಾ ಕೂತಿದ್ದೆ.

ಅವನ ಅಪ್ಪನಿಗೆ ಆಸ್ಪತ್ರೆ ಓಡಾಟದಲ್ಲಿ ಒಂದು ವಾರದ ಕೂಲಿ ಹೋಯಿತು. ಮೂಳೆ ಕೂಡಿತು, ಸ್ವಲ್ಪ ಸೊಟ್ಟಗೆ. ಈಗಲೂ ಅವನ ಎಡಗೈ ಕಿವಿಯ ಮಟ್ಟಕ್ಕೆ ಮೇಲೆ ಹೋಗಲ್ಲ. ಟೂರಿಸ್ಟ್‌ಗಳ ಬ್ಯಾಗನ್ನು ಜೀಪಿನ ಮೇಲಕ್ಕೆ ಒಂದೇ ಕೈಯಲ್ಲಿ ಎಸೆಯುತ್ತಾನೆ, ನೋಡುವವರು ಸ್ಟೈಲು ಅಂದುಕೊಳ್ಳುತ್ತಾರೆ.

ರೆಸ್ಲಿಂಗ್‌ನವರಲ್ಲಿ ‘ಕೇಫೇಬ್’ ಅಂತ ಒಂದು ಮಾತಿದೆ. ಒಳಗಿನ ಗುಟ್ಟನ್ನು ಹೊರಗಿನವರಿಗೆ ಬಿಟ್ಟುಕೊಡದೆ ಇರೋದು. ಹಿಂದಿನ ಕಾಲದಲ್ಲಿ ರಿಂಗಿನಲ್ಲಿ ವೈರಿಗಳಾದವರು ಹೊರಗೂ ಒಂದೇ ಕಾರಿನಲ್ಲಿ ಕಾಣಿಸಿಕೊಳ್ಳುತ್ತಿರಲಿಲ್ಲವಂತೆ. ಈ ಪದ ಮೊದಲ ಸಲ ಓದಿದಾಗ ನನಗೆ ಹೊಳೆದದ್ದು ಕಿತ್ತಳೆ ಮರ. ಇಷ್ಟು ವರ್ಷ ಅದನ್ನು ನಾನು ದೋಸ್ತಿಯ ಲೆಕ್ಕಕ್ಕೆ ಬರೆದುಕೊಂಡಿದ್ದೆ. ಮಿಷ್ಟಿ ನನಗೋಸ್ಕರ ಸುಳ್ಳು ಹೇಳಿದ, ಎಂಥಾ ಗೆಳೆಯ! ಒಂದೆರಡು ಪಾರ್ಟಿಯಲ್ಲಿ ಹೆಸರು ಹೇಳದೆ ಈ ಕಥೆಯನ್ನು ತಮಾಷೆಯಾಗಿ ಹೇಳಿದ್ದೂ ಉಂಟು.

ಆ ಮಂಗಳವಾರ ಪಂದ್ಯ ಮುಗಿಯಿತು. ಖಲಿ ಎತ್ತುವಾಗ ಮಿಸ್ಟೀರಿಯೋ ಹೇಗೆ ತಾನೇ ಹಗುರಾಗುತ್ತಾನೆ ಅಂತ ಬಟಿಸ್ಟಾ ಎರಡೆರಡು ಸಲ ಹಿಂದಕ್ಕೆ ಓಡಿಸಿ ತೋರಿಸಿದ. ನಾನು, ಎಷ್ಟೋ ವರ್ಷದಿಂದ ಬಾಯಲ್ಲೇ ಇದ್ದದ್ದನ್ನು ಕೇಳಿದೆ. ‘ಮಿಷ್ಟಿ, ಅವತ್ತು ನೀನು ನನ್ನ ಹೆಸರು ಯಾಕೆ ಹೇಳ್ಲಿಲ್ಲ?’

ಅವನ ಕಡೆಯಿಂದ ಸ್ವಲ್ಪ ಹೊತ್ತು ಜೀಪಿನ ಮೇಲೆ ಹನಿ ಬೀಳೋ ಸದ್ದಷ್ಟೇ.

‘ಹೇಳಿದ್ರೆ ನಿಮ್ಮನೇಲಿ ಟೀವಿ ನೋಡೋಕೆ ಬಿಡ್ತಿದ್ರಾ ಮಾರಾಯ?’ ಅಂದ. ಆಮೇಲೆ ನಿಧಾನಕ್ಕೆ, ‘ಅಪ್ಪಂಗೆ ಕೆಲಸ ಕೊಡೋದು ನಿಮ್ಮಪ್ಪ. ರೈಟರ್ ಮಗ ಎತ್ತಿ ಹಾಕಿದ ಅಂತ ಹೇಗೆ ಹೇಳೋದು? ಅಪ್ಪ ಜಗಳಕ್ಕೆ ಬಂದ್ರೂ ಕಷ್ಟ, ಬರದಿದ್ರೂ ಕಷ್ಟ’ ಅಂದ.

ಹನ್ನೊಂದು ವರ್ಷದ ಹುಡುಗ ಮುರಿದ ಮೂಳೆ ಇಟ್ಟುಕೊಂಡು ಜೀಪಿನಲ್ಲಿ ಈ ಲೆಕ್ಕ ಹಾಕಿದ್ದ. ನಾನು ಬೋಲ್ಟ್ ಎಣಿಸುತ್ತಿದ್ದೆ.

‘ಸಾರಿ ಕಣೋ’ ಅಂದೆ. ‘ಬಿಡು ಮಾರಾಯ, ನಿಂಗೇನು ಬೀಳಿಸೋಕೆ ಬರ್ತಿತ್ತಾ? ನಂಗೂ ಬೀಳೋಕೆ ಬರ್ತಿರ್ಲಿಲ್ಲ’ ಅಂದ. ಕೇನ್ ಏನೋ ಹೇಳೋಕೆ ಹೋಗಿ ಕೆಮ್ಮಿದ.

ಹೋದ ತಿಂಗಳು ಊರಿಗೆ ಹೋದಾಗ ಅವನ ಮನೆಗೆ ಹೋಗಿದ್ದೆ. ಈಗ ಅವರು ಲೈನಿನಲ್ಲಿಲ್ಲ, ರೋಡಿನ ಹತ್ತಿರ ಸ್ವಂತ ಮನೆ, ಗೋಡೆಯ ಮೇಲೆ ನಮ್ಮನೆಯದಕ್ಕಿಂತ ದೊಡ್ಡ ಟೀವಿ. ಅಮ್ಮ ಕಾಫಿ ಕೊಟ್ಟರು. ನನ್ನ ಮುಖ ನೋಡಿಯೇ ಮಿಷ್ಟಿಗೆ ಗೊತ್ತಾಯಿತು ಅನ್ನಿಸುತ್ತದೆ, ಕಣ್ಣಲ್ಲೇ ಬೇಡ ಅಂದ. ಹೊರಗೆ ಬಂದಮೇಲೆ, ‘ಅಪ್ಪ ಹೋಗಿ ನಾಲ್ಕು ವರ್ಷ ಆಯ್ತು. ಈಗ ಹೇಳಿ ಅಮ್ಮಂಗೆ ಹೊಸಾ ಸಂಕಟ ಯಾಕೆ?’ ಅಂದ. ಕಾಲಂನಲ್ಲಿ ಬರೀಲಾ ಅಂತ ಕೇಳಿದೆ. ‘ಬರಿ, ಹೆಸರು ಹಾಕ್ಬೇಡ. ಅಮ್ಮ ಫೋನಲ್ಲಿ ಧಾರಾವಾಹಿ ಬಿಟ್ರೆ ಬೇರೇನೂ ನೋಡಲ್ಲ’ ಅಂದ. ಹಾಗಾಗಿ ಅತ್ತಿಗುಂಡಿಯಲ್ಲಿ ಅದು ಇನ್ನೂ ಕಿತ್ತಳೆ ಮರವೇ.

ಈ ಮಂಗಳವಾರ ಮಿಷ್ಟಿಯ ಆಯ್ಕೆ. 2006ರ ರೆಸಲ್‌ಮೇನಿಯಾ, ಮಿಸ್ಟೀರಿಯೋ ಚಾಂಪಿಯನ್ ಆದ ರಾತ್ರಿ. ಆ ತಿರುವಿನಲ್ಲಿ ಮಳೆಗೆ ಸಿಗ್ನಲ್ ನಿಲ್ಲುತ್ತಿಲ್ಲವಂತೆ, ಅದಕ್ಕೆ ವಿಡಿಯೋ ಮೊದಲೇ ಡೌನ್‌ಲೋಡ್ ಮಾಡಿಟ್ಟುಕೊಂಡಿದ್ದಾನೆ. ಈ ಸಲ ನಮಗಿಂತ ಮುಂಚೆ ಅವನಿಗೇ ಗೊತ್ತಾಗುತ್ತದೆ.