ಮನೆಯ ಮುಂದಿನ ನೀರು ಯಾರಿಗೆ ಭಾಗ್ಯ?

ಚೀನಾ ದೇಶದ ಗೃಹಶಾಸ್ತ್ರಕ್ಕೆ ಫೆಂಗ್ ಶುಯಿ ಎಂದು ಹೆಸರು. ಫೆಂಗ್ ಎಂದರೆ ಗಾಳಿ, ಶುಯಿ ಎಂದರೆ ನೀರು. ಈ ಹೆಸರಿನಲ್ಲಿ ಈಗ ನಮ್ಮ ಪೇಟೆಗಳಲ್ಲಿಯೂ ನಗುವ ಬುದ್ಧನ ಬೊಂಬೆ, ಮೂರು ಕಾಲಿನ ಕಪ್ಪೆ, ಮೇಜಿನ ಮೇಲಿಡುವ ಪುಟ್ಟ ಕಾರಂಜಿ ಮಾರಾಟವಾಗುತ್ತಿವೆ. ಕಾರಂಜಿ ಇಟ್ಟರೆ ವ್ಯಾಪಾರ ಕುದುರುವುದೆಂದು ನಂಬಿ ಗಲ್ಲಾಪೆಟ್ಟಿಗೆಗೆ ಕೈಹಾಕುವ ಬಂಧುಗಳಿಗೆ ಎರಡು ಮಾತು ಹೇಳಬೇಕಾಗಿದೆ.

ಮೊದಲು ಆ ಶಾಸ್ತ್ರ ಏನು ಹೇಳುತ್ತದೆಂಬುದನ್ನು ನೋಡೋಣ. ಮನೆಯ ಬೆನ್ನಿಗೆ ಬೆಟ್ಟ, ಮುಂದೆ ನೀರು ಇರಬೇಕು. ಹೊಳೆ ಮನೆಯನ್ನು ಡಾಬಿನಂತೆ ಬಳಸಿ ನಿಧಾನವಾಗಿ ಹರಿದರೆ ಶುಭ. ಮನೆ ಹೊಳೆಯ ತಿರುವಿನ ಹೊರಮಗ್ಗುಲಿಗಿದ್ದರೆ, ನೀರು ನೇರವಾಗಿ ಬಾಗಿಲಿನತ್ತ ನುಗ್ಗಿ ಬಂದರೆ, ನಿಂತು ಕೊಳೆತರೆ ಅಶುಭ.

ಇದೆಲ್ಲವೂ ಬರೀ ಕಂದಾಚಾರವೆಂದು ನಾವು ತಳ್ಳಿಹಾಕುವುದಿಲ್ಲ. ತಿರುವಿನ ಹೊರದಂಡೆಯನ್ನು ರಭಸದ ನೀರು ಕೊರೆಯುತ್ತದೆ. ಒಳದಂಡೆಯಲ್ಲಿ ಮೆಕ್ಕಲು ಕೂಡುತ್ತದೆ. ಕೊಳೆತ ನೀರಿನಲ್ಲಿ ಸೊಳ್ಳೆ ಹುಟ್ಟುತ್ತದೆ. ಉತ್ತರ ಚೀನಾದಲ್ಲಿ ಚಳಿಗಾಲದ ಕೊರೆಯುವ ಗಾಳಿ ಬರುವುದು ಉತ್ತರದಿಂದ. ಅಲ್ಲಿ ಉತ್ತರಕ್ಕೆ ಬೆಟ್ಟವಿದ್ದು ದಕ್ಷಿಣಕ್ಕೆ ಬಾಗಿಲಿಟ್ಟರೆ ಮನೆ ಬೆಚ್ಚಗಿರುತ್ತದೆ. ಇದು ಹೊಲದಲ್ಲಿ ದುಡಿದವರು ಕಂಡುಕೊಂಡ ವಿವೇಕ. ಆದರೆ ನಮ್ಮಲ್ಲಿ ಮುಂಗಾರು ಹೊಡೆಯುವುದು ನೈಋತ್ಯದಿಂದ. ನಮ್ಮ ವಾಸ್ತುಶಾಸ್ತ್ರ ನೀರು ಈಶಾನ್ಯದಲ್ಲಿರಬೇಕೆನ್ನುತ್ತದೆ. ದಕ್ಷಿಣದ ಬಾಗಿಲ ಮುಂದೆ ಕೆರೆಯಿರುವವನು ಚೀನಾದ ಪಂಡಿತನಿಗೆ ಭಾಗ್ಯವಂತ, ನಮ್ಮ ಪಂಡಿತನಿಗೆ ನಿರ್ಭಾಗ್ಯ! ಕೆರೆ ಮಾತ್ರ ಒಂದೇ.

ಹಾಂಗ್‌ಕಾಂಗ್‌ನಲ್ಲಿ ನಡೆದುದನ್ನು ಕೇಳಿ. 1972ರ ಜೂನ್ 18ರಂದು, ದಿನಗಟ್ಟಲೆ ಸುರಿದ ಮಳೆಯ ನಂತರ, ಸಾವ್ ಮಾವ್ ಪಿಂಗ್ ಎಂಬಲ್ಲಿ ಮಣ್ಣಿನ ದಿಬ್ಬ ಕುಸಿದು ಗುಡಿಸಲುಗಳಲ್ಲಿದ್ದ 71 ಬಡಜನರು ಸತ್ತರು. ಅದೇ ದಿನ ಪೋ ಶಾನ್ ರಸ್ತೆಯಲ್ಲಿ ಗುಡ್ಡ ಜಾರಿ ಬಹುಮಹಡಿ ಕಟ್ಟಡವೊಂದು ಉರುಳಿತು. 67 ಜನರು ಸತ್ತರು. ಅದು ಸ್ಥಿತಿವಂತರ ಬಡಾವಣೆ. ಬೆನ್ನಿಗೆ ಬೆಟ್ಟ, ಮುಂದೆ ಕಡಲು. ಶುಭಲಕ್ಷಣದ ನೆಲ ಅವರನ್ನು ಕಾಯಲಿಲ್ಲ. ಗುಡಿಸಲಿನವರಿಗಂತೂ ಲಕ್ಷಣ ನೋಡುವ ಅವಕಾಶವೇ ಇರಲಿಲ್ಲ. ಸಿಕ್ಕಿದಲ್ಲಿ ತಲೆ ಊರಿದ್ದರು. 1976ರಲ್ಲಿ ಸಾವ್ ಮಾವ್ ಪಿಂಗ್‌ನಲ್ಲಿ ಮತ್ತೊಮ್ಮೆ ದಿಬ್ಬ ಕುಸಿದು 18 ಜನರು ಸತ್ತ ಮೇಲೆ, 1977ರಲ್ಲಿ ಸರ್ಕಾರ ಇಳಿಜಾರುಗಳನ್ನು ಪರೀಕ್ಷಿಸಿ ಭದ್ರಪಡಿಸಲು ಇಂಜಿನಿಯರುಗಳ ಕಚೇರಿಯನ್ನು ತೆರೆಯಿತು. ಆ ಬಳಿಕ ಇಂತಹ ಸಾವುಗಳು ಬಹಳ ಕಡಿಮೆಯಾದವು. ಜೀವ ಉಳಿಸಿದ್ದು ಬೊಂಬೆಯಲ್ಲ. ಸಾರ್ವಜನಿಕ ಹಣ, ಸಾರ್ವಜನಿಕ ಕೆಲಸ.

ನಮ್ಮಲ್ಲಿಯೂ ಹೀಗೆಯೇ ಅಲ್ಲವೇ? 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಕೆರೆಗಳ ಮಗ್ಗುಲಿನ ಬಡಾವಣೆಗಳಿಗೆ ನೀರು ನುಗ್ಗಿದಾಗ ಬಂಗಲೆಯವರು ಹೋಟೆಲುಗಳಿಗೆ ಹೋದರು. ಶೆಡ್ಡುಗಳಲ್ಲಿದ್ದ ಕೂಲಿಗಾರರು ಎಲ್ಲಿಗೆ ಹೋಗಬೇಕಿತ್ತು?

ಗಿರಣಿಯ ಬೋನಸ್ಸು, ಚೀಟಿಯ ಹಣ ಕೂಡಿಸಿ ನಿವೇಶನ ಕೊಳ್ಳುವ ಬಂಧುವೇ, ಪಂಡಿತನಿಗೆ ದಕ್ಷಿಣೆ ಕೊಡುವ ಮುನ್ನ ನೆಲವನ್ನು ಕೇಳು. ಸರ್ವೆ ನಕ್ಷೆಯಲ್ಲಿ ಹಳ್ಳವೋ ರಾಜಕಾಲುವೆಯೋ ಇದೆಯೇ ನೋಡು. ದೊಡ್ಡ ಮಳೆಯಲ್ಲಿ ನೀರು ಎಲ್ಲಿಯವರೆಗೆ ಬಂದಿತ್ತೆಂದು ಆ ಕೇರಿಯ ಮುದುಕರನ್ನು ವಿಚಾರಿಸು. ಆಷಾಢದಲ್ಲಿ ಒಮ್ಮೆ ಹೋಗಿ ನಿಂತು ನೋಡು. ಇಷ್ಟಕ್ಕೆ ಕಾಸು ಖರ್ಚಿಲ್ಲ.

ಆದರೆ ಒಬ್ಬೊಬ್ಬರ ಜಾಣತನದಿಂದಲೇ ಕೆಲಸ ತೀರದು. ಮೇಲಿನ ಬೀದಿಯ ಕೊಳಚೆ ಕೆಳಗಿನ ಕೇರಿಗೆ ಹರಿಯುವವರೆಗೂ ಯಾವ ದಿಕ್ಕಿನ ಬಾಗಿಲೂ ಶುಭವಲ್ಲ. ಮುಚ್ಚಿದ ಕಾಲುವೆಯನ್ನು ತೆರೆಸಿ, ಚರಂಡಿ ಕಟ್ಟಿಸಿ, ಕೆರೆಯ ಹೂಳು ತೆಗೆಸಿ ಎಂದು ಕೇರಿಯವರೆಲ್ಲ ಕೂಡಿ ಪುರಸಭೆಯ ಬಾಗಿಲು ತಟ್ಟಬೇಕು. ನೀರಿನ ದೋಷಕ್ಕೆ ಅದೇ ಪರಿಹಾರ.